ಚಕ್ಕುಲಿ ಪುಡಿ ಮಾಡುವ ಕನ್ವರ್ಟರ್‌ಗಳು

ಮನೆಯಲ್ಲಿ ಒಬ್ಬರು ಸಾಫ್ಟ್‌ವೇರ್ ಕಂಪನಿಯಲ್ಲಿದ್ದರೆ ಮುಗೀತು. ಪ್ರಿಂಟರ್ ಕೆಟ್ಟರೂ ಅವರೇ, ವೈಫೈ ಬರದಿದ್ದರೂ ಅವರೇ, ಮದುವೆ ವಿಡಿಯೋದ ಮೂರು ತುಂಡು ಸೇರಿಸಿ ಒಂದು ಮಾಡಬೇಕಾದರೂ ಅವರೇ. ಬ್ಯಾಂಕಿಗೆ ಜಾವಾದಲ್ಲಿ ಕೋಡ್ ಬರೆಯೋ ಹುಡುಗನಿಗೂ ವಿಡಿಯೋಗೂ ಏನು ಸಂಬಂಧ ಅಂತ ಯಾರೂ ಕೇಳಲ್ಲ, ಅವನೂ ಹೇಳಲ್ಲ. ರಾತ್ರಿ ಊಟ ಆದ್ಮೇಲೆ 'ಫ್ರೀ ವಿಡಿಯೋ ಜಾಯ್ನರ್' ಅಂತ ಹುಡುಕಿ, ಮೊದಲು ಸಿಕ್ಕಿದ್ದನ್ನು ಇಳಿಸಿಕೊಂಡು, ಮೂರು ಫೈಲ್ ಎಳೆದು ಹಾಕಿ, ದೊಡ್ಡ ಹಸಿರು ಬಟನ್ ಒತ್ತಿ ಮಲಗುತ್ತಾನೆ. ಬೆಳಿಗ್ಗೆ ಒಂದೇ ಫೈಲ್ ರೆಡಿ. ಅತ್ತೆ, ಚಿಕ್ಕಪ್ಪ, ಎಲ್ಲರಿಗೂ ಖುಷಿ.

ನನ್ನ ತಕರಾರು ಇರೋದು ಆ ಹಸಿರು ಬಟನ್ ಬಗ್ಗೆ. ಮೂರು ಫೈಲ್ ಒಂದರ ಹಿಂದೊಂದು ಅಂಟಿಸೋಕೆ ಕಂಪ್ಯೂಟರಿಗೆ ರಾತ್ರಿಯಿಡೀ ಯಾಕೆ ಬೇಕು? ಫ್ಯಾನ್ ಯಾಕೆ ಹಾಗೆ ಕೂಗಬೇಕು? ಉತ್ತರ ಇಷ್ಟೆ: ಅದು ಅಂಟಿಸಲಿಲ್ಲ. ಇಡೀ ವಿಡಿಯೋವನ್ನು ಬಿಚ್ಚಿ, ಪ್ರತಿ ಚಿತ್ರವನ್ನೂ ಮತ್ತೆ ಹೊಸದಾಗಿ ಹಿಂಡಿ ಕಟ್ಟಿತು. ಹಾಗೆ ಮಾಡ್ತೀನಿ ಅಂತ ಒಂದು ಮಾತೂ ಹೇಳಲಿಲ್ಲ.

ವಿಷಯ ಗೊತ್ತಿಲ್ಲದವರಿಗೆ ಚಕ್ಕುಲಿ ಉದಾಹರಣೆ ಕೊಡ್ತೀನಿ. ಎಂಪಿ4, ಎಂಕೆವಿ, ಎವಿಐ ಅಂತ ಫೈಲಿನ ಬಾಲದಲ್ಲಿ ಕಾಣೋದೆಲ್ಲ ಬರೀ ಡಬ್ಬಿಗಳು. ಒಳಗಿರೋ ತಿಂಡಿ ಬೇರೆ. ಚಿತ್ರ ಎಚ್.264 ಇರಬಹುದು, ಎಚ್.265 ಇರಬಹುದು, ಹಳೇ ಎಂಪೆಗ್-2 ಇರಬಹುದು. ಧ್ವನಿ ಎಎಸಿ ಅಥವಾ ಎಂಪಿ3. ಎಂಕೆವಿ ಫೈಲನ್ನು ಎಂಪಿ4 ಮಾಡಬೇಕು ಅಂದರೆ ಎಷ್ಟೋ ಸಲ ಸ್ಟೀಲ್ ಡಬ್ಬಿಯಲ್ಲಿದ್ದ ಚಕ್ಕುಲಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರೆ ಸಾಕು. ಒಂದೆರಡು ನಿಮಿಷದ ಕೆಲಸ. ನಮ್ಮ 'ಸಿಂಪಲ್' ಕನ್ವರ್ಟರ್ ಮಾಡೋದೇನು ಗೊತ್ತಾ? ಚಕ್ಕುಲಿಯನ್ನು ಕುಟ್ಟಿ ಪುಡಿ ಮಾಡಿ, ನೀರು ಹಾಕಿ ಕಲಸಿ, ಮತ್ತೆ ಒತ್ತಿ, ಮತ್ತೆ ಕರಿದು ಹೊಸ ಡಬ್ಬಿಗೆ ಹಾಕುತ್ತೆ. ಆಕಾರ ಚಕ್ಕುಲಿಯದೇ. ರುಚಿ ಮಾತ್ರ ಹೋಯ್ತು.

ಯಾಕೆ ಹೋಗುತ್ತೆ ಅಂದರೆ, ಈ ಹಿಂಡುವ ವಿಧಾನಗಳೆಲ್ಲ ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಬಿಸಾಕಿಯೇ ಫೈಲನ್ನು ಚಿಕ್ಕದು ಮಾಡೋದು. ಬಿಸಾಕಿದ್ದು ವಾಪಸ್ ಬರಲ್ಲ. ಎರಡನೇ ಸಲ ಹಿಂಡಿದಾಗ ಉಳಿದಿದ್ದರಲ್ಲೂ ಸ್ವಲ್ಪ ಹೋಗುತ್ತೆ. ಜೆರಾಕ್ಸಿನ ಜೆರಾಕ್ಸ್ ಇದ್ದ ಹಾಗೆ. ರೇಷ್ಮೆ ಸೀರೆಯ ಜರಿ ಅಂಚು, ಮಬ್ಬು ಬೆಳಕಲ್ಲಿ ಕೂತ ಅಜ್ಜಿಯ ಮುಖದ ಸುಕ್ಕು, ಇಂಥವೇ ಮೊದಲು ಅಳಿಸಿಹೋಗೋದು.

ಹಾಗಾಗಿ ಸಿಂಪಲ್ ಅನ್ನೋ ಪದವನ್ನು ನಾವು ಕೊಂಚ ಬೇರೆ ಥರ ಅಳೆಯಬೇಕು ಅನ್ನೋದು ನನ್ನ ವಾದ. ಬಟನ್ ಎಷ್ಟು ಕಡಿಮೆ ಇದೆ ಅನ್ನೋದು ಅಳತೆ ಅಲ್ಲ. ಒತ್ತುವ ಮೊದಲು 'ನಿಮ್ಮ ಚಿತ್ರವನ್ನು ಮುಟ್ಟುತ್ತೇನೆ' ಅಥವಾ 'ಮುಟ್ಟಲ್ಲ' ಅಂತ ನೆಟ್ಟಗೆ ಹೇಳುತ್ತಾ, ಅದು ಅಳತೆ.

ಈ ಅಳತೆಗೆ ಒಳ್ಳೇ ಪರೀಕ್ಷೆ ಅಂದರೆ ಯಕ್ಷಗಾನ. ರಾತ್ರಿಯಿಡೀ ನಡೆಯೋ ಆಟವನ್ನು ಕ್ಯಾಮ್‌ಕಾರ್ಡರ್‌ನಲ್ಲಿ ಹಿಡಿದವರಿಗೆ ಇದು ಚೆನ್ನಾಗಿ ಗೊತ್ತು. ಮೆಮೊರಿ ಕಾರ್ಡು ಫ್ಯಾಟ್32 ಪದ್ಧತಿಯದ್ದಾದರೆ ಒಂದು ಫೈಲ್ 4 ಜಿಬಿ ದಾಟೋ ಹಾಗಿಲ್ಲ. ಸೆಕೆಂಡಿಗೆ 24 ಮೆಗಾಬಿಟ್ ಲೆಕ್ಕದಲ್ಲಿ ರೆಕಾರ್ಡ್ ಮಾಡಿದರೆ ಸುಮಾರು 24 ನಿಮಿಷಕ್ಕೆ ಅಷ್ಟು ತುಂಬುತ್ತೆ. ಕ್ಯಾಮೆರಾ ತಾನೇ ಹೊಸ ಫೈಲ್ ಶುರು ಮಾಡುತ್ತೆ. ಎಂಟು ಗಂಟೆಯ ಆಟ ಅಂದರೆ 20 ತುಂಡು, ಒಟ್ಟು 80 ಜಿಬಿಗೂ ಹೆಚ್ಚು. ಭಾಗವತರು ಪದ ಎತ್ತಿದ್ದು ಏಳನೇ ಫೈಲಲ್ಲಿ, ಮುಗಿಸಿದ್ದು ಎಂಟನೇ ಫೈಲಲ್ಲಿ. ಮಧ್ಯೆ ಕತ್ತರಿ ಬಿದ್ದಿದೆ. ಕ್ಯಾಮೆರಾಗೆ ಪದವೂ ಗೊತ್ತಿಲ್ಲ, ತಾಳವೂ ಗೊತ್ತಿಲ್ಲ ನೋಡಿ.

ಈ 20 ತುಂಡೂ ಒಂದೇ ಕ್ಯಾಮೆರಾದ್ದು, ಒಂದೇ ಸೆಟ್ಟಿಂಗಿನದ್ದು. ಅಂದರೆ ಒಂದೇ ಒಲೆಯ ಚಕ್ಕುಲಿ. ಮುಟ್ಟದೆ ಜೋಡಿಸಿದರೆ ಹಾರ್ಡ್‌ಡಿಸ್ಕ್ ಓದಿ ಬರೆಯೋಕೆ ಎಷ್ಟು ಹೊತ್ತು ಬೇಕೋ ಅಷ್ಟೇ, ಅರ್ಧ ಗಂಟೆ ಅಂದುಕೊಳ್ಳಿ. ಅದೇ ಹಸಿರು ಬಟನ್‌ನವರ ಕೈಗೆ ಕೊಟ್ಟರೆ ಸಾಧಾರಣ ಲ್ಯಾಪ್‌ಟಾಪಲ್ಲಿ ಆಟ ನಡೆದಷ್ಟೇ ಹೊತ್ತು, ಅಂದರೆ ಇನ್ನೊಂದು ರಾತ್ರಿ. ಕಿರೀಟ, ಮುಖವರ್ಣಿಕೆ, ಸುತ್ತು ಹಾಕುವಾಗಿನ ವೇಗ, ಹಿಂಡುವ ಕೆಲಸಕ್ಕೆ ಇವೆಲ್ಲ ಬಲು ಕಷ್ಟದ ಸರಕು. ವೇಷಧಾರಿ ಜೋರಾಗಿ ಕುಣಿದಾಗಲೇ ಚಿತ್ರ ಚೌಕ ಚೌಕವಾಗಿ ಒಡೆಯೋದು.

ಸರಿ, ನೆಟ್ಟಗೆ ಮಾತಾಡುವ ಸಾಫ್ಟ್‌ವೇರ್ ಯಾವುದು? ನಾನು ಮೊದಲು ಹೇಳೋ ಹೆಸರು ಅವಿಡೆಮಕ್ಸ್. ನೋಡೋಕೆ ಚೆಂದ ಇಲ್ಲ, ಹೇಳಿಬಿಡ್ತೀನಿ. ಯಾವುದೋ ಕಾಲದ ಸರ್ಕಾರಿ ಕಚೇರಿಯ ಕಂಪ್ಯೂಟರಲ್ಲಿ ಕಾಣೋ ಥರದ ಕಿಟಕಿ. ಆದರೆ ಎಡಗಡೆ ಮೂರು ಪೆಟ್ಟಿಗೆ ಇದೆ, ಆ ಮೂರರಲ್ಲೇ ಇಡೀ ಪಾಠ ಇದೆ. ಮೊದಲನೆಯದು ಚಿತ್ರ, ಎರಡನೆಯದು ಧ್ವನಿ, ಮೂರನೆಯದು ಡಬ್ಬಿ. ಮೊದಲೆರಡರಲ್ಲಿ ತಾನಾಗೇ ಇರೋ ಆಯ್ಕೆ 'ಕಾಪಿ'. ನೀವಾಗಿ ಬದಲಾಯಿಸದಿದ್ದರೆ ಅದು ಚಕ್ಕುಲಿ ಮುಟ್ಟಲ್ಲ. ಮೊದಲ ಫೈಲ್ ತೆರೆದು, ಉಳಿದವನ್ನು 'ಅಪೆಂಡ್' ಮಾಡುತ್ತಾ ಹೋಗಿ, ಸೇವ್ ಒತ್ತಿದರೆ ಆಯ್ತು. ಹತ್ತು ನಿಮಿಷ ಇದರ ಜೊತೆ ಕೂತವರಿಗೆ ವಿಡಿಯೋ ಫೈಲ್ ಅಂದರೆ ಏನು ಅಂತ ಅರ್ಥ ಆಗಿಬಿಡುತ್ತೆ. ಯಾರೂ ವಿವರಿಸಬೇಕಾಗಿಲ್ಲ.

ಹಳಬರಿಗೆ ವರ್ಚುವಲ್‌ಡಬ್ ನೆನಪಿರಬಹುದು. ಏವರಿ ಲೀ ಬರೆದದ್ದು, ಎವಿಐ ಫೈಲ್‌ಗಳ ಕಾಲದ್ದು. ಅದರಲ್ಲೂ 'ಡೈರೆಕ್ಟ್ ಸ್ಟ್ರೀಮ್ ಕಾಪಿ' ಅಂತ ಸ್ಪಷ್ಟ ಹೆಸರಿನ ಆಯ್ಕೆ ಇತ್ತು. ಆದರೆ ತಾನಾಗೇ ಆಯ್ಕೆಯಾಗಿ ಇರುತ್ತಿದ್ದದ್ದು 'ಫುಲ್ ಪ್ರೊಸೆಸಿಂಗ್'. ಏನೂ ಬದಲಾಯಿಸದೆ ಸೇವ್ ಕೊಟ್ಟರೆ ಹಿಂಡದ ವಿಡಿಯೋ ಸುರಿದು ಡಿಸ್ಕ್ ತುಂಬಿಬಿಡೋದು. ತಮಾಷೆ ಅಂದರೆ ಅದೂ ಒಂಥರಾ ಒಳ್ಳೇದೇ: ಏನೋ ಎಡವಟ್ಟಾಗಿದೆ ಅಂತ ತಕ್ಷಣ ಗೊತ್ತಾಗೋದು. ಈಗಿನ ಕನ್ವರ್ಟರ್‌ಗಳು ಮಾಡೋ ಹಾನಿ ಯಾರ ಕಣ್ಣಿಗೂ ಬೀಳಲ್ಲ.

ಈಚಿನವರಿಗೆ ಹಿಡಿಸೋದು ಲಾಸ್‌ಲೆಸ್‌ಕಟ್. ಮಿಕಾಯೆಲ್ ಫಿನ್‌ಸ್ಟಾಡ್ ಮಾಡಿದ್ದು. ಹೆಸರಲ್ಲೇ ಮಾತು ಕೊಟ್ಟಿದೆ. ನೋಡೋಕೂ ಚೆನ್ನಾಗಿದೆ, ಫೈಲ್ ಎಳೆದು ಹಾಕಿದರೆ ಕೆಲಸ ಶುರು. ಇದರ ಮೇಲೆ ಜನ ಮಾಡೋ ದೂರು ಒಂದೇ: 'ನಾನು ಹೇಳಿದ ಕಡೆ ಕತ್ತರಿಸಲ್ಲ, ಒಂದೆರಡು ಸೆಕೆಂಡ್ ಹಿಂದಿನಿಂದ ಕತ್ತರಿಸುತ್ತೆ.' ದೂರು ನಿಜ, ಆದರೆ ತಪ್ಪು ಸಾಫ್ಟ್‌ವೇರಿನದ್ದಲ್ಲ. ವಿಡಿಯೋದಲ್ಲಿ ಪ್ರತಿಯೊಂದು ಚಿತ್ರವೂ ಪೂರ್ತಿ ಇರಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ತಿ ಚಿತ್ರ, ಅದನ್ನು ಕೀಫ್ರೇಮ್ ಅಂತಾರೆ. ಅದಾದ ಮೇಲೆ ಮುಂದಿನ ಕೀಫ್ರೇಮ್ ಬರೋವರೆಗೆ ಏನೇನು ಬದಲಾಯ್ತು ಅನ್ನೋ ಲೆಕ್ಕ ಮಾತ್ರ. ಮಧ್ಯದಿಂದ ಶುರು ಮಾಡಿದರೆ ಆ ಲೆಕ್ಕಕ್ಕೆ ಆಧಾರವೇ ಇರಲ್ಲ. ಹಾಗಾಗಿ ಹಿಂದಿನ ಕೀಫ್ರೇಮಿಗೆ ಹೋಗಿ ಅಲ್ಲಿಂದ ಕತ್ತರಿಸುತ್ತೆ. ಮಾಂಗಲ್ಯಧಾರಣೆಗೆ ಮುಂಚೆ ಕ್ಯಾಮೆರಾದವರು ನೆಲ ತೋರಿಸಿದ ಎರಡು ಸೆಕೆಂಡ್ ಉಳಿದುಕೊಳ್ಳುತ್ತೆ, ಇರಲಿ ಬಿಡಿ. ಗಟ್ಟಿಮೇಳದ ಚಿತ್ರ ಹಾಗೇ ಉಳಿಯುತ್ತಲ್ಲ.

ಎಂಕೆವಿಟೂಲ್‌ನಿಕ್ಸ್ ಬಗ್ಗೆ ಒಂದೇ ಮಾತು. ಅದು ಕಟ್ಟುವ ಡಬ್ಬಿ ಒಂದೇ ಬಗೆಯದ್ದು, ಹಿಂಡುವ ಕೆಲಸಕ್ಕೆ ಕೈಯೇ ಹಾಕಲ್ಲ. ಅಳತೆ ಹೊಂದದ ಎರಡು ವಿಡಿಯೋ ಜೋಡಿಸೋಕೆ ಕೊಟ್ಟರೆ ಆಗಲ್ಲ ಅಂತ ಮುಖಕ್ಕೇ ಹೇಳಿಬಿಡುತ್ತೆ. ಇಂಥ ಒರಟರೇ ನನಗೆ ಇಷ್ಟ.

ಹಾಗಂತ ಮತ್ತೆ ಹಿಂಡುವುದೇ ಪಾಪ ಅಂತಲ್ಲ. ಅಣ್ಣನ ಐಫೋನಿನಲ್ಲಿ ಹಿಡಿದದ್ದು ಎಚ್.265, ತಂಗಿಯ ಫೋನಿನಲ್ಲಿ ಎಚ್.264, ಒಂದು ಅಡ್ಡ ಇನ್ನೊಂದು ಉದ್ದ, ಒಂದು ಸೆಕೆಂಡಿಗೆ 60 ಚಿತ್ರ ಇನ್ನೊಂದು 30. ಇವನ್ನು ಒಂದು ಮಾಡಬೇಕಾದರೆ ಕರಿಯದೆ ಬೇರೆ ದಾರಿ ಇಲ್ಲ. ಊರಲ್ಲಿರೋ ಹಳೇ ಟಿವಿಗೆ ಪೆನ್‌ಡ್ರೈವ್‌ನಲ್ಲಿರೋ ಎಚ್.265 ಓದೋಕೆ ಬರಲ್ಲ ಅಂದರೂ ಅಷ್ಟೇ. ಅಂಥ ಕಡೆ ಹ್ಯಾಂಡ್‌ಬ್ರೇಕ್ ಸರಿಯಾದ ಆಯ್ಕೆ. 2003ರಲ್ಲಿ ಶುರುವಾಗಿ 1.0 ಅಂತ ಹೆಸರು ಹಾಕಿಕೊಳ್ಳೋಕೆ 2016ರವರೆಗೆ ಕಾದ ಸಾಫ್ಟ್‌ವೇರ್ ಅದು. ಆ ಸಂಕೋಚವೇ ಅದರ ಗುಣ. ನಾನು ಇರೋದೇ ಹಿಂಡೋಕೆ ಅಂತ ಅದು ಮುಚ್ಚಿಟ್ಟಿಲ್ಲ. ಬೇರೆ ಬೇರೆ ಫೈಲ್ ಜೋಡಿಸೋಕೆ ಅದಕ್ಕೆ ಬರಲ್ಲ, ಚಿತ್ರವನ್ನು ಮುಟ್ಟದೆ ದಾಟಿಸೋಕೂ ಬರಲ್ಲ.

ಆದರೂ ಅದರ ಮೇಲೂ ಒಂದು ಆಕ್ಷೇಪ ಇದೆ. ತೆರೆದ ಕೂಡಲೇ ಆಯ್ಕೆಯಾಗಿರೋ ಪ್ರಿಸೆಟ್ 'ಫಾಸ್ಟ್ 1080ಪಿ30'. ಹೆಸರಿನ ಕೊನೆಯ ಆ 30ರ ಅರ್ಥ, ಸೆಕೆಂಡಿಗೆ 30 ಚಿತ್ರಕ್ಕಿಂತ ಹೆಚ್ಚಿಡಲ್ಲ. 60ರಲ್ಲಿ ಹಿಡಿದ ಮಗುವಿನ ಓಟದ ಸ್ಪರ್ಧೆ ಕೊಟ್ಟರೆ ಅರ್ಧ ಚಿತ್ರಗಳು ಮಾಯ. 4ಕೆ ಕೊಟ್ಟರೆ ಅದು 1080ಕ್ಕೆ ಇಳಿಯುತ್ತೆ. ಗೊತ್ತಿದ್ದವರು ಬದಲಾಯಿಸಿಕೊಳ್ತಾರೆ, ಗೊತ್ತಿಲ್ಲದವರಿಗೆ ಕಳಕೊಂಡಿದ್ದೂ ಗೊತ್ತಾಗಲ್ಲ.

ಇನ್ನು ದುಡ್ಡು ಕೊಟ್ಟು ಕೊಳ್ಳೋ ಕನ್ವರ್ಟರ್‌ಗಳ ಕಥೆ. ಇಂಥವುಗಳಲ್ಲಿ ಎಷ್ಟೋ ಸಾಫ್ಟ್‌ವೇರಿನ ಒಳಗೆ ದುಡಿಯೋ ಯಂತ್ರ ಒಂದೇ, ಎಫ್‌ಎಫ್‌ಎಂಪೆಗ್. 2000ನೇ ಇಸವಿಯಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ ಶುರು ಮಾಡಿದ್ದು. ಕ್ರೋಮ್ ಬ್ರೌಸರಿನಲ್ಲೂ ವಿಎಲ್‌ಸಿಯಲ್ಲೂ ಅದರದೇ ಲೈಬ್ರರಿಗಳಿವೆ, ಮೇಲೆ ಹೇಳಿದ ಲಾಸ್‌ಲೆಸ್‌ಕಟ್, ಹ್ಯಾಂಡ್‌ಬ್ರೇಕ್‌ಗಳೂ ಅದನ್ನೇ ನೆಚ್ಚಿವೆ. ಬಿಟ್ಟಿ ಸಿಗೋ ಆ ಯಂತ್ರಕ್ಕೆ ನುಣುಪಾದ ಕವಚ ತೊಡಿಸಿ ಮಾರೋದರಲ್ಲಿ ತಪ್ಪೇನಿಲ್ಲ, ಲೈಸೆನ್ಸಿನ ಷರತ್ತು ಪಾಲಿಸಿದರೆ. ಪಾಲಿಸದವರ ಪಟ್ಟಿಯನ್ನೇ ಆ ಯೋಜನೆಯವರು 'ಹಾಲ್ ಆಫ್ ಶೇಮ್' ಅಂತ ಹೆಸರಿಟ್ಟು ಪ್ರಕಟಿಸಿದ್ದುಂಟು. ನನಗೆ ಸಿಟ್ಟು ಬರೋದು ಬೇರೆ ಕಾರಣಕ್ಕೆ. ಆ ಯಂತ್ರಕ್ಕೆ ಮುಟ್ಟದೆ ಜೋಡಿಸೋದು ಚೆನ್ನಾಗಿ ಬರುತ್ತೆ. 'ಕಾಪಿ' ಅಂತ ಒಂದು ಪದ ಕೊಟ್ಟರೆ ಸಾಕು. ಹೊರಗಿನ ಕವಚ ಮಾಡಿದವರು ಆ ಪದಕ್ಕೊಂದು ಬಟನ್ ಇಡಲಿಲ್ಲ, ಅಥವಾ ಮೂರನೇ ಮೆನುವಿನ ಒಳಗೆ ಹೂತಿಟ್ಟರು. ಮುಂಬಾಗಿಲಲ್ಲಿ 'ಅಲ್ಟ್ರಾ ಫಾಸ್ಟ್', '30 ಪಟ್ಟು ವೇಗ' ಅಂತ ಬೋರ್ಡು. ಟ್ರಯಲ್ ಆವೃತ್ತಿಯಾದರೆ ಮದುಮಗಳ ಹಣೆಯ ಮೇಲೆ ಕಂಪನಿಯ ವಾಟರ್‌ಮಾರ್ಕ್ ಬೇರೆ.

ಎಫ್‌ಎಫ್‌ಎಂಪೆಗ್‌ನವರನ್ನೂ ಪೂರ್ತಿ ಬಿಡೋ ಹಾಗಿಲ್ಲ. ಫೈಲ್ ಜೋಡಿಸೋಕೆ ಅಲ್ಲಿ 'ಕಾನ್‌ಕ್ಯಾಟ್' ಅನ್ನೋ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ದಾರಿ ಇದೆ. ಒಂದಕ್ಕೆ ಫೈಲುಗಳ ಪಟ್ಟಿ ಬರೆದಿಡಬೇಕು, ಒಂದು ಎಂಪೆಗ್ ಥರದ ಫೈಲುಗಳಿಗೆ ಮಾತ್ರ, ಮತ್ತೊಂದು ಹಿಂಡದೆ ಬಿಡಲ್ಲ. ಯಾವಾಗ ಯಾವುದು ಅಂತ ಮೊದಲ ದಿನ ತಿಳಿದುಕೊಂಡವರನ್ನು ನಾನಂತೂ ನೋಡಿಲ್ಲ. ಕವಚ ಮಾರೋರಿಗೆ ಅಂಗಡಿ ತೆರೆದುಕೊಟ್ಟದ್ದು ಈ ಬಿಗುಮಾನವೇ.

ಬ್ರೌಸರಿನಲ್ಲೇ ಅಪ್‌ಲೋಡ್ ಮಾಡಿ ಕನ್ವರ್ಟ್ ಮಾಡಿಕೊಳ್ಳೋ ಸೇವೆಗಳನ್ನು ಇಲ್ಲಿ ವಿಮರ್ಶೆ ಮಾಡೋದೇ ದಂಡ. ಮನೆಯವರೆಲ್ಲ ಇರೋ ವಿಡಿಯೋವನ್ನು ಯಾರದೋ ಸರ್ವರಿಗೆ ಕಳಿಸಿ, ನಿಮ್ಮ ಲ್ಯಾಪ್‌ಟಾಪ್ ಐದು ನಿಮಿಷದಲ್ಲಿ ಮಾಡೋ ಕೆಲಸವನ್ನು ಮಾಡಿಸಿಕೊಳ್ಳಬೇಕಾ?

ಇದೆಲ್ಲ ಇಷ್ಟು ಗಂಭೀರವಾ ಅಂತ ಕೇಳಬಹುದು. ಹೊಸ ವಿಡಿಯೋ ಆದರೆ ಅಲ್ಲ, ಮೂಲ ಫೈಲ್ ಫೋನಲ್ಲಿ ಇರುತ್ತೆ. ಚಿಂತೆ ಇರೋದು ನಮ್ಮ ಅಪ್ಪ ಅಮ್ಮಂದಿರ ಕಾಲದ್ದು. ಮೊದಲು ವಿಎಚ್‌ಎಸ್ ಕ್ಯಾಸೆಟ್. ಅದನ್ನು ಊರಿನ ಸ್ಟುಡಿಯೋದವರು ವಿಸಿಡಿ ಮಾಡಿಕೊಟ್ಟರು: 352 ಅಡ್ಡ, 288 ಉದ್ದದ ಪುಟ್ಟ ಚಿತ್ರ, ಒಂದು ಡಿಸ್ಕಿಗೆ ಸುಮಾರು 74 ನಿಮಿಷ. ಅದಕ್ಕೇ ತಾನೆ ಸಿನಿಮಾ ಎರಡು ಮೂರು ಡಿಸ್ಕಲ್ಲಿ ಬರ್ತಿದ್ದದ್ದು, ಮದುವೆಯೂ ಹಾಗೇ. ಆಮೇಲೆ ಯಾರೋ ಅದನ್ನು ಡಿವಿಡಿ ಮಾಡಿದರು, ಇನ್ಯಾರೋ ಡಿವಿಡಿಯಿಂದ ಎಂಪಿ4, ಕೊನೆಗೆ ವಾಟ್ಸಾಪು. ಪ್ರತಿ ಮೆಟ್ಟಿಲಲ್ಲೂ ಒಂದೊಂದು ಹಸಿರು ಬಟನ್. ಪ್ರತಿ ಸಲವೂ 'ಹೊಸ ಕಾಪಿ ಇದೆಯಲ್ಲ' ಅಂತ ಹಳೆಯದನ್ನು ಎಸೆದದ್ದು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಹೋಗಿದ್ದರೆ, ಈಗ ಇರೋದರಲ್ಲಿ ಎಲ್ಲಕ್ಕಿಂತ ಚೆನ್ನಾಗಿರೋ ಪ್ರತಿ ಆ ಗೀರು ಬಿದ್ದ ವಿಸಿಡಿಯೇ.

ಬೀರುವಿನಲ್ಲಿ ಅಂಥದ್ದಿದ್ದರೆ ಡಿಸ್ಕ್ ತೆರೆದು 'ಎಂಪೆಗ್‌ಎವಿ' ಅನ್ನೋ ಫೋಲ್ಡರ್ ನೋಡಿ. ಒಳಗೆ ಡಿಎಟಿ ಅಂತ ಕೊನೆಯಾಗೋ ಫೈಲ್ ಇರುತ್ತೆ. ಅದು ಬೇರೇನೂ ಅಲ್ಲ, ಎಂಪೆಗ್-1 ವಿಡಿಯೋ, ಸ್ವಲ್ಪ ಬೇರೆ ಡಬ್ಬಿಯಲ್ಲಿ. ಹಾರ್ಡ್‌ಡಿಸ್ಕಿಗೆ ಹಾಗೇ ಕಾಪಿ ಮಾಡಿ, ಇನ್ನೊಂದು ಕಡೆ ಇನ್ನೊಂದು ಕಾಪಿ ಇಡಿ. ವಿಎಲ್‌ಸಿ ಅದನ್ನು ಯಾವ ಕನ್ವರ್ಟರಿನ ಹಂಗೂ ಇಲ್ಲದೆ ಇವತ್ತಿಗೂ ಓಡಿಸುತ್ತೆ. ಒಂದೇ ಫೈಲ್ ಬೇಕೇ ಬೇಕು ಅಂತ ಅತ್ತೆ ಹಟ ಹಿಡಿದರೆ ಜೋಡಿಸಿದ ಪ್ರತಿ ಬೇರೆ ಮಾಡಿಕೊಡಿ, ಡಿಎಟಿ ಫೈಲ್‌ಗಳನ್ನು ಮಾತ್ರ ಅಳಿಸಬೇಡಿ.