ಮರೆವಿನಿಂದ ಮೊದಲಾಗುವ ತನಿಖೆ: ‘ಡೇಜಾ ವೂ’ ಆಟದ ಆರಂಭ

ಪತ್ತೇದಾರಿ ಕಥನದಲ್ಲಿ ಪತ್ತೇದಾರನಿಗೆ ಓದುಗನಿಗಿಂತ ಹೆಚ್ಚು ತಿಳಿದಿರುತ್ತದೆ ಎಂಬುದು ಹಳೆಯ ಕಟ್ಟುಪಾಡು. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರ ಓದುಗರಿಗೂ, ಕೊಯಮತ್ತೂರಿನವರೇ ಆದ ರಾಜೇಶ್ ಕುಮಾರ್ ಅವರ ತಮಿಳು ಅಪರಾಧ ಕಾದಂಬರಿಗಳನ್ನು ಓದುವ, ಆ ನಗರದ ಸಮೀಪದ ಸೂಲೂರು ಸೀಮೆಯ ಕನ್ನಡ ಮನೆಮಾತಿನವರಿಗೂ ಇದು ಪರಿಚಿತವಾದ ಸಂಗತಿ. ಅಮೆರಿಕದ ಐಕಾಮ್ ಸಿಮ್ಯುಲೇಷನ್ಸ್ ಸಂಸ್ಥೆಯು 1985ರಲ್ಲಿ ಮ್ಯಾಕಿಂಟೋಷ್ ಕಂಪ್ಯೂಟರಿಗಾಗಿ ಹೊರತಂದ ‘ಡೇಜಾ ವೂ’ ಎಂಬ ಆಟವು ಈ ಕಟ್ಟುಪಾಡನ್ನು ಮೊದಲ ದೃಶ್ಯದಲ್ಲಿಯೇ ಮುರಿಯುತ್ತದೆ ಮತ್ತು ಅದರ ಹಿರಿಮೆಯೂ ಅಲ್ಲಿಯೇ ಇದೆ.

ಆಟದ ಕಾಲ 1941ರ ಡಿಸೆಂಬರ್, ಸ್ಥಳ ಷಿಕಾಗೋ ನಗರ. ಮದ್ಯದಂಗಡಿಯೊಂದರ ಶೌಚಾಲಯದಲ್ಲಿ ಕಣ್ತೆರೆಯುವ ಏಸ್ ಹಾರ್ಡಿಂಗ್‌ಗೆ ತನ್ನ ಹೆಸರೂ ನೆನಪಿಲ್ಲ. ತಾನು ಹಿಂದೆ ಮುಷ್ಟಿಮಲ್ಲನಾಗಿದ್ದು ಈಗ ಖಾಸಗಿ ಪತ್ತೇದಾರನಾಗಿದ್ದೇನೆ ಎಂಬುದನ್ನೂ ಅವನು ಹುಡುಕಿಯೇ ತಿಳಿಯಬೇಕು. ಮೇಲಂತಸ್ತಿನ ಕೋಣೆಯಲ್ಲಿ ಶವವೊಂದಿದ್ದು, ಕೊಲೆಯ ಕುರುಹುಗಳೆಲ್ಲ ಅವನತ್ತಲೇ ಬೆರಳು ಮಾಡುತ್ತವೆ. ನ್ವಾರ್ ಎಂದರೆ, 1940ರ ದಶಕದ ಅಮೆರಿಕನ್ ಅಪರಾಧ ಚಿತ್ರಗಳಿಗೆ ಫ್ರೆಂಚ್ ವಿಮರ್ಶಕರು ಕೊಟ್ಟ ಹೆಸರಿನಿಂದ ಬಂದ, ಕತ್ತಲ ನಗರವನ್ನೂ ಕಳಂಕಿತ ನಾಯಕನನ್ನೂ ನಂಬಲಾಗದ ನ್ಯಾಯವನ್ನೂ ಚಿತ್ರಿಸುವ ಶೈಲಿ. ಆ ಶೈಲಿಯ ಮುಖ್ಯ ಶಂಕೆ, ಅಂದರೆ ತನಿಖೆಗಾರನೇ ತಪ್ಪಿತಸ್ಥನಿರಬಹುದೇ ಎಂಬ ಶಂಕೆ, ಇಲ್ಲಿ ನೇರವಾಗಿ ಆಡುವವರ ಹೆಗಲೇರುತ್ತದೆ. ನಾಯಕನಿಗೆ ತಿಳಿಯದ್ದು ಆಡುವವರಿಗೂ ತಿಳಿಯದಿರುವುದರಿಂದ, ಅವರ ಅಜ್ಞಾನವೇ ಕಥೆಯ ಭಾಗವಾಗಿಬಿಡುತ್ತದೆ.

ಇದು ಪಾಯಿಂಟ್ ಅಂಡ್ ಕ್ಲಿಕ್ ಬಗೆಯ ಸಾಹಸಕ್ರೀಡೆ, ಎಂದರೆ ಪರದೆಯ ಮೇಲಿನ ವಸ್ತುಗಳನ್ನು ಮೌಸಿನಿಂದ ತೋರಿಸಿ ಒತ್ತುವುದರಿಂದಲೇ ಮುಂದುವರಿಯುವ ಆಟ. ಅದಕ್ಕೆ ಮುಂಚಿನ ಬಹುಪಾಲು ಸಾಹಸಕ್ರೀಡೆಗಳಲ್ಲಿ ಆಜ್ಞೆಗಳನ್ನು ಟೈಪು ಮಾಡಬೇಕಾಗಿದ್ದರೆ, ಇಲ್ಲಿ ಪರೀಕ್ಷಿಸು, ತೆರೆ, ಮುಚ್ಚು, ಮಾತಾಡು, ಹೊಡೆ ಮೊದಲಾದ 8 ಆಜ್ಞೆಗಳು ಸಿದ್ಧವಾಗಿರುತ್ತವೆ. ಬಾಗಿಲಿಗೆ ತೂಗುಬಿದ್ದ ಕೋಟನ್ನು ‘ಪರೀಕ್ಷಿಸು’ ಎಂದರೆ ವಿವರಣೆ ಮಾತ್ರ ಬರುತ್ತದೆ. ‘ತೆರೆ’ ಎಂದರೆ ಬೇರೊಂದು ಪುಟ್ಟ ಚೌಕಟ್ಟು ಬಿಚ್ಚಿಕೊಂಡು ಅದರೊಳಗಿರುವ ವಸ್ತುಗಳು ಒಂದೊಂದಾಗಿ ಕಾಣುತ್ತವೆ, ಮತ್ತು ಬೇಕಾದುದನ್ನು ಎಳೆದು ತನ್ನ ವಸ್ತುಗಳ ಚೌಕಟ್ಟಿಗೆ ಹಾಕಿಕೊಳ್ಳಬಹುದು. ಜೇಬು ತಡಕುವ ಕೆಲಸವನ್ನು ಕೈಯೇ ಮಾಡಿದಂತಾಗುವ ಈ ವಿನ್ಯಾಸದಲ್ಲಿ, ಕಪ್ಪುಬಿಳುಪಿನ ಪರದೆಯ ಮಿತಿಯೂ ನ್ವಾರ್ ಛಾಯೆಗೆ ಒದಗಿಬಂದಿದೆ.

ಸಾಕ್ಷ್ಯವನ್ನು ಕೂಡಿಹಾಕುವುದಷ್ಟೇ ಇಲ್ಲಿ ಸಾಲದು ಎಂಬುದು ಆಟದ ಇನ್ನೊಂದು ಗಟ್ಟಿತನ. ನಾಯಕನನ್ನು ಸಿಲುಕಿಸಲು ಇಟ್ಟ ವಸ್ತುಗಳನ್ನು ಬಿಸುಟು, ಅವನ ನಿರಪರಾಧಿತ್ವವನ್ನು ಸಾರುವವನ್ನು ಮಾತ್ರ ಪೊಲೀಸರ ಮುಂದಿಡಬೇಕಾಗುವುದರಿಂದ, ಸತ್ಯವನ್ನು ತಿಳಿಯುವುದೂ ಅದನ್ನು ರುಜುವಾತುಪಡಿಸುವುದೂ ಬೇರೆಬೇರೆ ಕೆಲಸಗಳೆಂಬ ಗಂಭೀರ ಅರಿವು ಆಟದ ನಿಯಮದೊಳಗೇ ಹೆಣೆದುಕೊಂಡಿದೆ.

ಆದರೆ ಮೊದಲ ನೋಟಕ್ಕೇ ಎದ್ದುಕಾಣುವ ದೋಷವೂ ಒಂದುಂಟು. ಮದ್ದಿನ ಪ್ರಭಾವಕ್ಕೆ ಸಿಲುಕಿದ ನಾಯಕನಿಗೆ ಕಾಲಮಿತಿಯೊಳಗೆ ಪ್ರತಿಮದ್ದು ಸಿಗದಿದ್ದರೆ ಆಟ ಮುಗಿಯುತ್ತದೆ. ಮುನ್ಸೂಚನೆಯಿಲ್ಲದ ಸಾವುಗಳೂ ಹಲವು. ಪ್ರತಿ ಮೂಲೆಯನ್ನೂ ನೋಡು ಎಂದು ಹುರಿದುಂಬಿಸುವ ಆಟವೇ ಹಾಗೆ ನೋಡುವವರನ್ನು ದಂಡಿಸಿದಾಗ, ಊಹೆಯ ಸ್ಥಾನವನ್ನು ಬಾಯಿಪಾಠ ಆಕ್ರಮಿಸುತ್ತದೆ, ಮತ್ತು ಇದು ಪತ್ತೇದಾರಿಕೆಗೆ ಸಲ್ಲದ ಗುಣ.

ಈ ಕೊರತೆಯ ನಡುವೆಯೂ ‘ಡೇಜಾ ವೂ’ ತನ್ನ ಪ್ರಕಾರದ ಅತ್ಯಂತ ಸಮರ್ಥ ಆರಂಭಗಳಲ್ಲಿ ಒಂದು. ಸ್ಥಿರಚಿತ್ರ, ಬರಹ, ಕೆಲವೇ ಆಜ್ಞೆಗಳು ಎಂಬಿಷ್ಟರಿಂದಲೇ ಅದು ಈ ಸಾಮರ್ಥ್ಯವನ್ನು ಸಾಧಿಸಿರುವುದರಿಂದ, ದೊಡ್ಡ ಬಂಡವಾಳವಿಲ್ಲದ ಭಾಷೆಗಳಿಗೂ ಈ ದಾರಿ ತೆರೆದಿದೆ. ಪತ್ತೇದಾರಿ ಬರಹದ ಸಮೃದ್ಧ ಪರಂಪರೆಯುಳ್ಳ ಕನ್ನಡದಲ್ಲಿ, ಒಳ್ಳೆಯ ಗದ್ಯ ಬರೆಯಬಲ್ಲ ಲೇಖಕರೂ ಕಂಪ್ಯೂಟರ್ ಬಲ್ಲ ತರುಣರೂ ಕೂಡಿ ಇಂಥ ಆಟಗಳನ್ನು ಕಟ್ಟಲು ಮುಂದಾಗಬೇಕು.