ಸಣ್ಣ ಟ್ರ್ಯಾಕ್ಟರಿಗೆ ಎರಡು ಮಣ್ಣಿನ ಪರೀಕ್ಷೆ

ರಾಯಚೂರು ಜಿಲ್ಲೆಯ ಸಿಂಧನೂರಿನ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಶೋರೂಂಗಳಿಗೆ ಬರವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಎರೆಮಣ್ಣು, ಭತ್ತ, ವಲಸಿಗರ ಕ್ಯಾಂಪುಗಳ ದುಡಿಮೆ ಎಲ್ಲ ಸೇರಿ ಈ ಊರಿಗೆ ಟ್ರ್ಯಾಕ್ಟರ್ ಮಾರಾಟದ ಹೆಸರು ತಂದುಕೊಟ್ಟಿವೆ. ಲಿಂಗಸುಗೂರು, ಮಸ್ಕಿಯ ರೈತರಿಗೂ ಹತ್ತಿರದ ದೊಡ್ಡ ಟ್ರ್ಯಾಕ್ಟರ್ ಪೇಟೆ ಇದೇ. ಹೊಸ ಟ್ರ್ಯಾಕ್ಟರ್ ಊರಿಗೆ ಬಂದರೆ ಮೊದಲು ಬರುವ ಪ್ರಶ್ನೆ ‘ಯಾವ ಕಂಪನೀದು?’, ಅದರ ಬೆನ್ನಿಗೇ ‘ಎಷ್ಟಕ್ಕ ಬಿತ್ತು?’. ಯಾವ ಹೊಲಕ್ಕೆ, ಯಾವ ಕೆಲಸಕ್ಕೆ, ವರ್ಷಕ್ಕೆ ಎಷ್ಟು ತಾಸು ಎಂದು ಕೇಳುವವರು ಕಡಿಮೆ. ಐವತ್ತು ಎಚ್‌ಪಿಯ ಟ್ರ್ಯಾಕ್ಟರ್ ಕೊಳ್ಳುವಾಗ ಈ ಅಜಾಗರೂಕತೆ ಹೇಗೋ ನಡೆದುಹೋಗುತ್ತದೆ, ಏಕೆಂದರೆ ದೊಡ್ಡ ಯಂತ್ರಕ್ಕೆ ಏನಾದರೊಂದು ಕೆಲಸ ಸಿಕ್ಕೇ ಸಿಗುತ್ತದೆ. ಮೂವತ್ತು ಎಚ್‌ಪಿ ಒಳಗಿನ ಸಣ್ಣ ಟ್ರ್ಯಾಕ್ಟರಿನಲ್ಲಿ ಹಾಗಲ್ಲ. ಅದು ತನ್ನ ಕೆಲಸದಲ್ಲಿ ಬಲು ಚುರುಕು, ತನ್ನದಲ್ಲದ ಕೆಲಸದಲ್ಲಿ ಬರೀ ಭಾರ. ಆದ್ದರಿಂದ ಈ ಮೂರು ತಾಲ್ಲೂಕುಗಳಲ್ಲಿ ಸಣ್ಣ ಟ್ರ್ಯಾಕ್ಟರನ್ನು ತೂಗುವ ಕ್ರಮ ತಲೆಕೆಳಗಾಗಬೇಕು ಎಂಬುದು ನನ್ನ ವಾದ: ಮಣ್ಣು ಮತ್ತು ಸಾಲಿನ ಅಳತೆ ಮೊದಲು, ರಿಪೇರಿಯ ದೂರ ಆಮೇಲೆ, ಬೆಲೆ ಅದರ ನಂತರ, ಕಂಪನಿಯ ಹೆಸರು ಕಟ್ಟಕಡೆಗೆ.

ಹೆಸರಿನಿಂದಲೇ ಶುರು ಮಾಡೋಣ, ಜನ ನಂಬುವುದು ಅದನ್ನೇ ತಾನೇ. ಬಾನೆಟ್ಟಿನ ಮೇಲಿನ ಹೆಸರುಗಳು ಹತ್ತಾರು, ಅವುಗಳ ಹಿಂದಿನ ಮನೆಗಳು ಕೆಲವೇ. ಸ್ವರಾಜ್ ಟ್ರ್ಯಾಕ್ಟರ್ ತಯಾರಿಸುತ್ತಿದ್ದ ಪಂಜಾಬ್ ಟ್ರ್ಯಾಕ್ಟರ್ಸ್ 2007ರಲ್ಲಿ ಮಹೀಂದ್ರಾದ ಕೈಗೆ ಬಂತು. ಐಷರ್‌ನ ಟ್ರ್ಯಾಕ್ಟರ್ ವ್ಯವಹಾರ 2005ರಲ್ಲಿ ಟಾಫೆಗೆ ಸೇರಿತು; ಮ್ಯಾಸಿ ಫರ್ಗ್ಯುಸನ್ ಕೂಡ ಅದೇ ಮನೆಯದು. ಫಾರ್ಮ್‌ಟ್ರ್ಯಾಕ್, ಪವರ್‌ಟ್ರ್ಯಾಕ್, ಕುಬೋಟಾ ಮೂರೂ ಇಂದು ಎಸ್ಕಾರ್ಟ್ಸ್ ಕುಬೋಟಾ ಎಂಬ ಒಂದೇ ಕಂಪನಿಯ ಅಡಿಯಲ್ಲಿವೆ. ಸಣ್ಣ ಟ್ರ್ಯಾಕ್ಟರುಗಳ ವಂಶಾವಳಿ ಇನ್ನೂ ಕುತೂಹಲದ್ದು. ಬೆಂಗಳೂರಿನ ವಿಎಸ್‌ಟಿ 1967ರಲ್ಲಿ ಆರಂಭವಾದದ್ದು ಜಪಾನಿನ ಮಿತ್ಸುಬಿಷಿಯ ಜೊತೆಗೂಡಿ. 2023ರ ಆಗಸ್ಟ್ 15ರಂದು ಮಹೀಂದ್ರಾ ಹೊರತಂದ ‘ಓಜಾ’ ಸರಣಿಯ ಹಿಂದೆಯೂ ಮಿತ್ಸುಬಿಷಿಯ ಎಂಜಿನಿಯರಿಂಗ್ ಇದೆ, ತಯಾರಾಗುವುದು ತೆಲಂಗಾಣದ ಜಹೀರಾಬಾದಿನಲ್ಲಿ. ಇಷ್ಟೆಲ್ಲ ಇದ್ದೂ ಒಂದು ಹೆಸರನ್ನು ‘ಜಪಾನಿ’ ಎಂದು ಮೇಲಿಟ್ಟು ಇನ್ನೊಂದನ್ನು ‘ದೇಸಿ’ ಎಂದು ಕೆಳಗಿಡುವ ಮಾತಿಗೆ ಬುಡವಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳ ನಡುವಿನ ಅಂತರ, ಎರಡು ಕಂಪನಿಗಳ ನಡುವಿನ ಅಂತರಕ್ಕಿಂತ ಎಷ್ಟೋ ಸಲ ದೊಡ್ಡದಿರುತ್ತದೆ.

ಬೆಲೆಯ ವಿಷಯದಲ್ಲಿ ಭ್ರಮೆ ಇನ್ನೂ ಗಟ್ಟಿ. ಸಣ್ಣದು ಅಗ್ಗ ಎಂದು ಎಲ್ಲರೂ ತಿಳಿದಿದ್ದಾರೆ. 24ರಿಂದ 28 ಎಚ್‌ಪಿಯ, ನಾಲ್ಕೂ ಚಕ್ರ ಎಳೆಯುವ ಟ್ರ್ಯಾಕ್ಟರ್ ಇಂದು ಆರು ಲಕ್ಷದ ಆಸುಪಾಸು. 45 ಎಚ್‌ಪಿಯ ಸಾಮಾನ್ಯ ಟ್ರ್ಯಾಕ್ಟರ್ ಎಂಟು ಲಕ್ಷದ ಆಸುಪಾಸು. ಭಾಗಿಸಿ ನೋಡಿದರೆ ಸಣ್ಣದರಲ್ಲಿ ಒಂದು ಎಚ್‌ಪಿಗೆ 21ರಿಂದ 25 ಸಾವಿರ, ದೊಡ್ಡದರಲ್ಲಿ 18 ಸಾವಿರಕ್ಕೂ ಕಡಿಮೆ. ಅಂದರೆ ಸಣ್ಣ ಟ್ರ್ಯಾಕ್ಟರ್ ಕೊಳ್ಳುವವನು ಶಕ್ತಿಗೆ ಹೆಚ್ಚು ತೆತ್ತು ಸಾಲುಗಳ ನಡುವೆ ನುಗ್ಗುವ ಅನುಕೂಲವನ್ನು ಕೊಳ್ಳುತ್ತಾನೆ. ಆ ಅನುಕೂಲ ಬೇಕಿಲ್ಲದಿದ್ದರೆ ಹೆಚ್ಚು ತೆತ್ತದ್ದು ವ್ಯರ್ಥ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ, ಟೈರು ಮತ್ತು ಬಿಡಿಭಾಗಗಳ ಮೇಲಿನದು ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಇದು ಎಲ್ಲ ಕಂಪನಿಗಳಿಗೂ ಒಂದೇ. ‘ನಮ್ಮ ಕಂಪನಿಯ ವಿಶೇಷ ರಿಯಾಯಿತಿ’ ಎಂದು ಯಾರಾದರೂ ಇದನ್ನೇ ತೋರಿಸಿದರೆ ನಂಬಬೇಕಿಲ್ಲ. ಶೋರೂಂನಲ್ಲಿ ಹತ್ತು-ಹದಿನೈದು ಸಾವಿರಕ್ಕೆ ಗಂಟೆಗಟ್ಟಲೆ ಚೌಕಾಸಿ ಮಾಡುವವರು ಸಾಲದ ಕಾಗದಕ್ಕೆ ಎರಡು ನಿಮಿಷದಲ್ಲಿ ಸಹಿ ಹಾಕುತ್ತಾರೆ. ನಾಲ್ಕೂವರೆ ಲಕ್ಷದ ಸಾಲವನ್ನು ಐದು ವರ್ಷ ತಿಂಗಳ ಕಂತಿನಲ್ಲಿ ತೀರಿಸುವುದಾದರೆ ಶೇ 10ರ ಬಡ್ಡಿಯಲ್ಲಿ ಒಟ್ಟು ಕಟ್ಟುವುದು ಸುಮಾರು 5 ಲಕ್ಷ 74 ಸಾವಿರ, ಶೇ 16ರಲ್ಲಿ ಸುಮಾರು 6 ಲಕ್ಷ 57 ಸಾವಿರ. ನಡುವಿನ 83 ಸಾವಿರದ ಎದುರು ಎರಡು ಕಂಪನಿಗಳ ಬೆಲೆ ವ್ಯತ್ಯಾಸ ಎಷ್ಟೋ ಸಲ ಸಣ್ಣದಾಗಿ ಕಾಣುತ್ತದೆ. ಒಂದೇ ದಿನದಲ್ಲಿ ಸಾಲ ಕೊಡುವ ಫೈನಾನ್ಸ್ ಆ ಅವಸರದ ಬೆಲೆಯನ್ನು ಬಡ್ಡಿಯಲ್ಲಿ ತೆಗೆದುಕೊಳ್ಳುತ್ತದೆ.

ಗುಣಮಟ್ಟಕ್ಕೆ ಬಂದರೆ, ಅದನ್ನು ಅಳೆದು ಬರೆದಿಟ್ಟ ಕಾಗದ ಈ ದೇಶದಲ್ಲಿದೆ, ಓದುವವರಿಲ್ಲ ಅಷ್ಟೇ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ಪಿಟಿಒದಲ್ಲಿ (ಉಪಕರಣ ತಿರುಗಿಸುವ ದಂಡದಲ್ಲಿ) ಸಿಗುವ ಶಕ್ತಿ, ಎಳೆಯುವ ಬಲ, ಡೀಸೆಲ್ ಖರ್ಚು, ಲಿಫ್ಟಿನ ಸಾಮರ್ಥ್ಯ ಎಲ್ಲವನ್ನೂ ವರದಿಯಾಗಿ ಪ್ರಕಟಿಸುತ್ತದೆ. ಜಾಹೀರಾತಿನ ಎಚ್‌ಪಿ ಎಂಜಿನ್ನಿನದು. ರೋಟವೇಟರ್ ತಿರುಗಿಸುವುದು ಪಿಟಿಒ ಎಚ್‌ಪಿ. ಈ ಎರಡರ ನಡುವೆ ಎಷ್ಟು ಸೋರಿಹೋಗುತ್ತದೆ ಎಂಬುದರಲ್ಲೇ ಯಂತ್ರಗಳ ಗುಣ ಬೇರೆಯಾಗುತ್ತದೆ. ಕುಬೋಟಾ ನಿಯೋಸ್ಟಾರ್ ಬಿ2441 ಮತ್ತು ಮಹೀಂದ್ರಾ ಜೀವೋ 245 ಎರಡೂ 24 ಎಚ್‌ಪಿಯವು, ಎರಡರ ಲಿಫ್ಟೂ 750 ಕೆ.ಜಿ. ಎತ್ತುತ್ತದೆ. ಆದರೆ ಮೊದಲನೆಯದು ಮೂರು ಸಿಲಿಂಡರಿನ 1123 ಸಿಸಿ ಎಂಜಿನ್, ನಿಮಿಷಕ್ಕೆ 2600 ಸುತ್ತಿನದು. ಎರಡನೆಯದು ಎರಡೇ ಸಿಲಿಂಡರಿನ 1366 ಸಿಸಿ, 2300 ಸುತ್ತಿನದು. ಮೊದಲನೆಯದರಲ್ಲಿ ನಡುಕ ಕಡಿಮೆ, ಓಟ ನಯ, ಔಷಧಿ ಸಿಂಪಡಣೆಗೆ ಹಿತ. ಎರಡನೆಯದು ಗಡಗಡ ಅನ್ನುತ್ತದೆ, ಆದರೆ ಕಡಿಮೆ ಸುತ್ತಿನಲ್ಲೇ ಎಳೆಯುವ ಜಿಗುಟು ಅದಕ್ಕಿದೆ. ಕಂಪನಿಗಳೇ ಹೇಳುವ ಪಿಟಿಒ ಶಕ್ತಿಯೂ ಅದರದ್ದೇ ಹೆಚ್ಚು. ಇವುಗಳಲ್ಲಿ ಯಾವುದು ‘ಉತ್ತಮ’ ಎಂಬ ಪ್ರಶ್ನೆಗೆ ಶೋರೂಂನಲ್ಲಿ ಉತ್ತರವಿಲ್ಲ, ಹೊಲದಲ್ಲಿದೆ.

ಸಿಂಧನೂರಿನ ಹೊಲ ಎಂದರೆ ಕಾಲುವೆ ನೀರು ನಿಂತ ಎರೆಮಣ್ಣಿನ ಗದ್ದೆ. ನಾಟಿಗೆ ಮುಂಚೆ ಕೆಸರು ಹೊಡೆಯುವುದು ಇಲ್ಲಿನ ಟ್ರ್ಯಾಕ್ಟರಿನ ಮುಖ್ಯ ಕಸುಬು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಗಾಲಿಗೆ ಅಂಟುತ್ತದೆ, ಆಳಕ್ಕೆ ಎಳೆದುಕೊಳ್ಳುತ್ತದೆ. ಕಬ್ಬಿಣದ ಗಾಲಿ ಕಟ್ಟಿ ರೋಟವೇಟರ್ ಎಳೆಯಲು ತೂಕಕ್ಕಿಂತ ಹೆಚ್ಚಾಗಿ ಉಳಿಕೆ ಶಕ್ತಿ ಬೇಕು. ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಹಗುರವಾದದ್ದಲ್ಲ: ಸಣ್ಣ ನಾಲ್ಕು ಚಕ್ರ ಚಾಲನೆಯ ಟ್ರ್ಯಾಕ್ಟರುಗಳು ಬೆಳೆದದ್ದೇ ಜಪಾನಿನ ಭತ್ತದ ಗದ್ದೆಗಳಲ್ಲಿ, ಹಗುರವಾದ್ದರಿಂದ ಅವು ಹೂಳುವುದಿಲ್ಲ, ಹಾಗಿರುವಾಗ ಸಿಂಧನೂರಿಗೆ ಅವು ಒಗ್ಗುವುದಿಲ್ಲವೆಂದರೆ ಹೇಗೆ? ಹಗುರತನದ ಮಾತು ಸರಿ. ಆದರೆ ಕೆಸರಿನ ಅಡಿಯಲ್ಲಿ ಗಟ್ಟಿ ಪದರವಿರುವ ಸಣ್ಣ ಮಡಿಗಳಿಗೆ ಸಾಲುವ ಶಕ್ತಿ, ಆಳದವರೆಗೂ ಮೆದುವಾಗಿ ಉಬ್ಬುವ ನಮ್ಮ ಎರೆಗೆ ಸಾಲದು. ಇದಕ್ಕೆ ಸಾಕ್ಷಿ ಜಪಾನಿ ಮೂಲದ ಕುಬೋಟಾದ್ದೇ ಎಲ್4508: 45 ಎಚ್‌ಪಿ, ನಾಲ್ಕು ಚಕ್ರ ಚಾಲನೆ, ತೂಕ ಸುಮಾರು 1365 ಕೆ.ಜಿ. ಅದೇ ಎಚ್‌ಪಿಯ ಸಾಮಾನ್ಯ ಟ್ರ್ಯಾಕ್ಟರುಗಳು ಇದಕ್ಕಿಂತ ಐದಾರು ಕ್ವಿಂಟಲ್ ಭಾರ. ಗದ್ದೆಗೆ ಬೇಕಾದ್ದು ಈ ಜೋಡಿ: ಹಗುರ ಮೈ, ಪೂರ್ತಿ ಶಕ್ತಿ. 24 ಎಚ್‌ಪಿಯದರಲ್ಲಿ ಮೈ ಹಗುರವಿದೆ, ಶಕ್ತಿ ಅರ್ಧವೇ ಇದೆ. ಕೆಸರು ಮುಗಿದ ಮೇಲೆ ಭತ್ತದ ಚೀಲ ತುಂಬಿದ ಟ್ರೇಲರನ್ನು ರೈಸ್ ಮಿಲ್ಲಿಗೆ ಎಳೆಯುವ ಕೆಲಸವೂ ಇದೆ. ಹಿಂದಿನ ಭಾರ ಟ್ರ್ಯಾಕ್ಟರಿನ ತೂಕದ ನಾಲ್ಕೈದು ಪಟ್ಟಾದರೆ ಇಳಿಜಾರಿನಲ್ಲಿ ಬ್ರೇಕು ಯಾರ ಮಾತೂ ಕೇಳುವುದಿಲ್ಲ. ಹಾಗಾಗಿ ಸಿಂಧನೂರಿನ ಗದ್ದೆಗೆ ಮನೆಯ ಒಂದೇ ಟ್ರ್ಯಾಕ್ಟರಾಗಿ 24 ಎಚ್‌ಪಿಯದು ತಪ್ಪು ಆಯ್ಕೆ, ಅದರ ಬಾನೆಟ್ಟಿನ ಮೇಲೆ ಎಂಥ ಹೆಸರೇ ಇರಲಿ.

ಲಿಂಗಸುಗೂರಿನಲ್ಲಿ ಲೆಕ್ಕ ಮಗುಚುತ್ತದೆ. ನಾರಾಯಣಪುರ ಬಲದಂಡೆ ಕಾಲುವೆ ಮುಟ್ಟಿದ ಹೊಲಗಳನ್ನು ಬಿಟ್ಟರೆ ಉಳಿದದ್ದು ಮಳೆ ನಂಬಿದ ಭೂಮಿ. ತೊಗರಿ, ಹತ್ತಿ, ಸಜ್ಜೆ, ಸೂರ್ಯಕಾಂತಿ, ಕೊಳವೆಬಾವಿ ಇದ್ದಲ್ಲಿ ದಾಳಿಂಬೆ. ಎತ್ತುಗಳು ಕಡಿಮೆಯಾದಂತೆ ಮೊದಲು ನಿಂತುಹೋದದ್ದು ಎಡೆಕುಂಟೆ. ಸಣ್ಣ ಟ್ರ್ಯಾಕ್ಟರಿನ ನಿಜವಾದ ಜಾಗ ಇದೇ: ಎಡೆ ಹೊಡೆಯುವುದು, ಸಿಂಪಡಣೆ, ತೋಟದ ಸಾಲುಗಳ ನಡುವೆ ಕಳೆ ತೆಗೆಯುವುದು. ಇಲ್ಲಿಯೂ ಕಂಪನಿಗಿಂತ ಅಳತೆಯ ಪಟ್ಟಿ ಮುಖ್ಯ. ಈ ಯಂತ್ರಗಳ ಅಗಲ ಸಾಮಾನ್ಯವಾಗಿ ಮೂರರಿಂದ ಮೂರೂವರೆ ಅಡಿ. ಮೂರು ಅಡಿ ಸಾಲಿನ ಹತ್ತಿಯಲ್ಲಿ ಅದು ಸಾಲಿನ ನಡುವೆ ಹೋಗಲಾರದು. ಒಂದು ಸಾಲನ್ನು ಹೊಟ್ಟೆಯಡಿ ಬಿಟ್ಟುಕೊಂಡು ಹೋಗಬಹುದು, ಅದೂ ಗಿಡ ಒಂದು ಅಡಿ ದಾಟುವವರೆಗೆ, ಏಕೆಂದರೆ ನೆಲದಿಂದ ಯಂತ್ರದ ತಳಕ್ಕೆ ಇರುವ ಎತ್ತರ ಹೆಚ್ಚುಕಡಿಮೆ ಅಷ್ಟೇ. ನಾಲ್ಕೂವರೆ-ಐದು ಅಡಿ ಸಾಲಿನ ತೊಗರಿಯಲ್ಲಾದರೆ ಕೆಲಸ ಸಲೀಸು. ಯಂತ್ರ ಕೊಂಡಮೇಲೆ ಸಾಲು ಹಿಗ್ಗಿಸುತ್ತೇನೆ ಎನ್ನುವವರು ಕೂರಿಗೆಯನ್ನೂ ಬೀಜದ ಲೆಕ್ಕವನ್ನೂ ಬದಲಿಸಬೇಕಾಗುತ್ತದೆ. ಆ ಖರ್ಚನ್ನೂ ಟ್ರ್ಯಾಕ್ಟರಿನ ಬೆಲೆಗೇ ಕೂಡಿಸಿ ನೋಡಬೇಕು. ಮಸ್ಕಿಯದು ಎರಡರ ನಡುವಿನ ಕಷ್ಟ. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಕೂಡಿಸಿ ಮಾಡಿದ ಈ ತಾಲ್ಲೂಕಿನಲ್ಲಿ ಒಂದು ಕಡೆ ಎಡದಂಡೆಯ ಭತ್ತ, ಇನ್ನೊಂದು ಕಡೆ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ಧರಣಿ ಕೂತ ರೈತರ ಒಣ ಹೊಲ. ಒಂದೇ ಮನೆಗೆ ಎರಡೂ ಬಗೆಯ ಜಮೀನಿದ್ದರೆ ಗದ್ದೆಯ ಕೆಲಸವನ್ನು ಬಾಡಿಗೆಗೆ ಬಿಟ್ಟು, ಎಡೆಯ ಕೆಲಸಕ್ಕೆ ಸಣ್ಣದನ್ನು ಇಟ್ಟುಕೊಳ್ಳುವುದೇ ಲೇಸು. ಕೆಸರು ಹೊಡೆಯುವವರು ಬಾಡಿಗೆಗೆ ಸಿಗುತ್ತಾರೆ, ಎಡೆ ಹೊಡೆಯುವವರು ಬೇಕಾದ ದಿನ ಸಿಗುವುದಿಲ್ಲ.

ಹೆಸರಿಗೆ ಇಷ್ಟು ಕಡಿಮೆ ಬೆಲೆ ಕಟ್ಟುವುದು ಅನ್ಯಾಯ ಎನ್ನುವವರ ಬಳಿ ಎರಡು ಬಲವಾದ ಕಾರಣಗಳಿವೆ: ಹೆಸರಿದ್ದರೆ ಹಳತಿಗೂ ಬೆಲೆ ಸಿಗುತ್ತದೆ, ಬಿಡಿಭಾಗ ಊರಲ್ಲೇ ಸಿಗುತ್ತದೆ. ದೊಡ್ಡ ಟ್ರ್ಯಾಕ್ಟರುಗಳಿಗೆ ಇದು ಪೂರ್ತಿ ನಿಜ. ಆದರೆ ದೊಡ್ಡ ಹೆಸರಿನ ಸಣ್ಣ ಮಾದರಿಗೆ ಆ ಎರಡೂ ತಾವಾಗಿಯೇ ಹರಿದು ಬರುವುದಿಲ್ಲ. ಅದೇ ಕಂಪನಿಯ 50 ಎಚ್‌ಪಿಯ ಕ್ಲಚ್ ಪ್ಲೇಟು ಎಲ್ಲ ಅಂಗಡಿಗಳಲ್ಲಿದ್ದರೂ 24 ಎಚ್‌ಪಿಯ ಮುಂದಿನ ಆಕ್ಸಲಿನ ಗೇರು ಇರಲಿಕ್ಕಿಲ್ಲ. ಕೇಳಬೇಕಾದ್ದು ಕಂಪನಿ ದೊಡ್ಡದೋ ಅಂತಲ್ಲ. ಈ ಮಾದರಿಯ ಫಿಲ್ಟರು, ಆಕ್ಸಲ್ ಸೀಲು, ಹೈಡ್ರಾಲಿಕ್ ಪಂಪು ಇಂದು ಈ ಊರಿನ ಕಪಾಟಿನಲ್ಲಿವೆಯೇ ಎಂದು. ಹಳತಿನ ಬೆಲೆಯೂ ಹಾಗೆಯೇ, ಆ ಮಾದರಿ ಸುತ್ತಲಿನ ಹಳ್ಳಿಗಳಲ್ಲಿ ಎಷ್ಟು ಓಡಾಡುತ್ತಿದೆ ಎಂಬುದರ ಮೇಲೆ ನಿಂತಿದೆ. ಹೀಗಾಗಿ ಹೆಸರನ್ನು ನಾನು ಲೆಕ್ಕದಿಂದ ತೆಗೆದುಹಾಕುತ್ತಿಲ್ಲ; ಮಿಕ್ಕೆಲ್ಲ ಸಮವಾದಾಗ ತಕ್ಕಡಿ ತೂಗಿಸುವ ಕೊನೆಯ ಕಾಳು ಅದಾಗಿರಲಿ ಎನ್ನುತ್ತಿದ್ದೇನೆ.

ಇನ್ನು ಸಹಾಯಧನ. ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆ ಸಣ್ಣ ಟ್ರ್ಯಾಕ್ಟರಿಗೆ ನೆರವು ಕೊಡುತ್ತದೆ, ಪರಿಶಿಷ್ಟ ಜಾತಿ ಮತ್ತು ಪಂಗಡದ ರೈತರಿಗೆ ಹೆಚ್ಚಿನ ಪಾಲು. ಒಣ ಹೊಲದ ಸಣ್ಣ ಹಿಡುವಳಿದಾರರಿಗೆ ಇದರಿಂದ ಆಗಿರುವ ಉಪಕಾರ ದೊಡ್ಡದು. ಆದರೆ ಸಹಾಯಧನ ಸಿಗುತ್ತದೆಂಬ ಒಂದೇ ಕಾರಣಕ್ಕೆ ಕೊಂಡ ಯಂತ್ರ ಮೂಲೆ ಸೇರುತ್ತದೆ. ಕೃಷಿ ಎಂಜಿನಿಯರಿಂಗ್ ಪಠ್ಯಗಳು ಟ್ರ್ಯಾಕ್ಟರಿಗೆ ಹತ್ತು ವರ್ಷ, ವರ್ಷಕ್ಕೆ 1000 ತಾಸು ಎಂದು ಆಯುಸ್ಸು ಹಾಕುತ್ತವೆ. ಸವಕಳಿ, ಬಡ್ಡಿ, ವಿಮೆ ಸೇರಿ ವರ್ಷಕ್ಕೆ ಒಂದು ಲಕ್ಷ ಎಂದು ಹಿಡಿದರೆ, 800 ತಾಸು ಓಡಿಸುವವನಿಗೆ ಡೀಸೆಲ್ ಬಿಟ್ಟು ತಾಸಿಗೆ 125 ರೂಪಾಯಿ ಬೀಳುತ್ತದೆ, 200 ತಾಸು ಓಡಿಸುವವನಿಗೆ 500 ರೂಪಾಯಿ. ಐದೆಕರೆಯ ರೈತ ಸ್ವಂತ ಹೊಲದಲ್ಲಷ್ಟೇ ಓಡಿಸಿದರೆ 200 ತಾಸೂ ಕಷ್ಟ. ಅವನಿಗೆ ಕೃಷಿ ಯಂತ್ರಧಾರೆ ಕೇಂದ್ರದ ಬಾಡಿಗೆ ಯಂತ್ರವೋ, ಇಬ್ಬರು-ಮೂವರು ಅಣ್ಣತಮ್ಮಂದಿರ ಕೂಡುಖರೀದಿಯೋ ಹೆಚ್ಚು ಬುದ್ಧಿವಂತಿಕೆ. ಸ್ವಂತದ್ದಿದ್ದರೆ ಹದ ತಪ್ಪುವುದಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ, ಮಳೆ ನಂಬಿದವನಿಗೆ ಎರಡು ದಿನದ ತಡವೂ ತಡವೇ. ಆದರೆ ಕಂತು ಮಳೆಯನ್ನೂ ಕಾಯುವುದಿಲ್ಲ, ಕಾಲುವೆ ನೀರನ್ನೂ ಕಾಯುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ಗೇಟುಗಳ ಬದಲಾವಣೆಗೆಂದು 2025–26ರ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನವಾಯಿತು. ಎರಡು ಬೆಳೆ ನಂಬಿ ಕಂತು ಕಟ್ಟಿಕೊಂಡವರಿಗೆ ಆ ವರ್ಷ ಅರ್ಧ ದುಡಿಮೆ, ಪೂರ್ತಿ ಬಡ್ಡಿ.

ಇಲಾಖೆಗೆ ಒಂದು ಕೋರಿಕೆ ಇದೆ, ಖರ್ಚಿಲ್ಲದ್ದು. ಸಹಾಯಧನದ ಪಟ್ಟಿಯಲ್ಲಿರುವ ಪ್ರತಿ ಸಣ್ಣ ಟ್ರ್ಯಾಕ್ಟರಿನ ಬುದ್ನಿ ವರದಿಯಿಂದ ಪಿಟಿಒ ಶಕ್ತಿ, ತಾಸಿಗೆ ಡೀಸೆಲ್, ತೂಕ, ಅಗಲ, ನೆಲದಿಂದ ಎತ್ತರ ಈ ಐದನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ಸಿಂಧನೂರು, ಲಿಂಗಸುಗೂರು, ಮಸ್ಕಿಯ ರೈತ ಸಂಪರ್ಕ ಕೇಂದ್ರಗಳ ಗೋಡೆಗೆ ಅಂಟಿಸಲಿ. ಅಲ್ಲಿಯವರೆಗೆ ರೈತರು ಶೋರೂಂಗೆ ಹೋಗುವಾಗ ಸಾಲಿನ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಲಿ, ಆ ವರದಿಯನ್ನು ತೋರಿಸಿ ಎಂದು ಕೇಳಲಿ, ತಮ್ಮದೇ ಹೊಲದಲ್ಲಿ ಒಂದು ತಾಸು ಓಡಿಸಿ ತೋರಿಸದ ಯಂತ್ರಕ್ಕೆ ಮುಂಗಡ ಕೊಡದಿರಲಿ.