ಒಡೆಯನನ್ನು ಪ್ರೀತಿಸುವ ಗೊಂಬೆ

2002ರಲ್ಲಿ ತೆರೆಗೆ ಬಂದ 'ಹಾಲಿವುಡ್' ಚಿತ್ರದಲ್ಲಿ ಉಪೇಂದ್ರ ಮೂರು ಪಾತ್ರ ಮಾಡಿದ್ದರು. ಬರವಣಿಗೆ ಅವರದೇ, ನಿರ್ದೇಶನ ದಿನೇಶ್ ಬಾಬು ಅವರದು. ಮೂರರಲ್ಲೊಂದು ಯುಎಸ್ 47 ಎಂಬ ಯಂತ್ರಮಾನವ. ಈ ಯಂತ್ರ ನಾಯಕಿಯನ್ನು ಪ್ರೀತಿಸತೊಡಗುತ್ತದೆ, ಅಲ್ಲಿಂದಾಚೆಗೆ ಕಥೆಯ ಕಣ್ಣಿಗೆ ಅದು ಅಪಾಯವಾಗಿ ಕಾಣುತ್ತದೆ. ಎಂಟು ವರ್ಷ ಕಳೆದ ಮೇಲೆ ತಮಿಳಿನ 'ಎಂದಿರನ್' ಹೆಚ್ಚುಕಡಿಮೆ ಇದೇ ತಿರುಳನ್ನು ಬಹುದೊಡ್ಡ ಬಂಡವಾಳ ಹಾಕಿ ಹೇಳಿತು. ಅದರ ಕೊನೆಗೆ ಚಿಟ್ಟಿ ಎಂಬ ಯಂತ್ರ ನ್ಯಾಯಾಲಯದ ಆದೇಶಕ್ಕೆ ತಲೆಬಾಗಿ ತನ್ನ ಕೈಯಿಂದಲೇ ತನ್ನ ಅಂಗಾಂಗ ಬಿಚ್ಚಿಡುತ್ತದೆ. ಆ ದೃಶ್ಯದಲ್ಲಿ ಪ್ರೇಕ್ಷಕರು ಕಣ್ಣೊರೆಸಿಕೊಂಡಿದ್ದಾರೆ. ಆದರೆ ಹಾಗೆ ಬಿಚ್ಚಿಡಬೇಕಾದದ್ದು ಸರಿಯೇ ಎಂಬ ಪ್ರಶ್ನೆಯನ್ನು ಚಿತ್ರ ಕಟ್ಟಕಡೆಯ ಗಳಿಗೆಗೆ ನೂಕಿ ಮುಗಿಸಿಬಿಡುತ್ತದೆ.

ಕನ್ನಡಕ್ಕೆ ಬಂದ ಯಂತ್ರಪ್ರೇಮದ ಕಥೆಯ ಮೊದಲ ದೋಷ ಇಲ್ಲಿದೆ. ಯಂತ್ರ ಪ್ರೀತಿಸಿತೆಂದರೆ ಅದು ಕೆಟ್ಟಿದೆ, ರಿಪೇರಿ ಮಾಡಬೇಕು ಇಲ್ಲವೇ ಕಳಚಬೇಕು ಎಂಬುದು ಈ ಕಥೆಗಳ ಒಳಗಿನ ಕಾನೂನು. ಅದು ಪ್ರೀತಿಯನ್ನು ಬೇಡುತ್ತದೆ, ಬಿಡುಗಡೆಯನ್ನು ಬೇಡುವುದಿಲ್ಲ. ತನ್ನನ್ನು ಮಾಡಿದವನ ಮನೆಯಲ್ಲೇ ಇದ್ದುಕೊಂಡು, ಅವನು ಒಲಿದವಳನ್ನೇ ಬಯಸಿ, ಅವನ ಪ್ರತಿಸ್ಪರ್ಧಿಯಾಗಿ ಸಾಯುತ್ತದೆ. ನಾನು ಯಾರ ಸೊತ್ತು ಎಂದು ಒಮ್ಮೆಯೂ ಕೇಳದ ಜೀವದ ಪ್ರೀತಿ ನಮಗೆ ಎಷ್ಟು ಮುಟ್ಟೀತು? ಮಾಲೀಕತ್ವದ ಪ್ರಶ್ನೆ ಎತ್ತದೆ ಪ್ರೇಮದ ಪ್ರಶ್ನೆ ಎತ್ತಿದ್ದರಿಂದ ಆ ಪ್ರೇಮ ತ್ರಿಕೋನ ಪ್ರೇಮದ ಹಳೆಯ ಜಾಡಿಗೇ ಬಿತ್ತು.

ಈ ಬಗೆಯ ಕಥೆಯ ಮೂಲಕ್ಕೆ ಹೋದರೆ ಚಿತ್ರವೇ ಬೇರೆ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ 'ಆರ್.ಯು.ಆರ್.' ನಾಟಕದ ರೋಬೋಗಳು ಕಬ್ಬಿಣದವಲ್ಲ. ದೊಡ್ಡ ತೊಟ್ಟಿಗಳಲ್ಲಿ ಹಿಟ್ಟಿನಂತೆ ಕಲಸಿ ಮಾಡಿದ ಮಾಂಸದ ಮೈ, ನೂಲುವ ಯಂತ್ರದಲ್ಲಿ ನೂತ ನರಗಳು. ಅವು ಜಗತ್ತಿನ ಕಾರ್ಖಾನೆಗಳಿಗೆ ಮಾರಾಟವಾಗುವ ದುಡಿಯುವ ದೇಹಗಳು. ಹೆಲೆನಾ ಎಂಬ ಮನುಷ್ಯ ಹೆಣ್ಣು ಅವುಗಳನ್ನು ಬಿಡಿಸಲೆಂದೇ ಆ ದ್ವೀಪಕ್ಕೆ ಬರುತ್ತಾಳೆ. ಕೊನೆಗೆ ಮನುಷ್ಯಕುಲ ಅಳಿದು ಉಳಿದ ಒಬ್ಬನೇ ಒಬ್ಬ ಮುದುಕ, ಇಬ್ಬರು ರೋಬೋಗಳಲ್ಲಿ ಒಬ್ಬರನ್ನು ಕೊಯ್ದು ನೋಡಬೇಕೆಂದಾಗ, ಅವಳನ್ನು ಬಿಡು ನನ್ನನ್ನು ಕೊಯ್ಯಿ ಎಂದು ಒಬ್ಬ, ಅವನನ್ನು ಬಿಡು ನನ್ನನ್ನು ಕೊಯ್ಯಿ ಎಂದು ಇನ್ನೊಬ್ಬಳು. ದುಡಿಮೆ, ದಂಗೆ, ಒಲವು ಮೂರೂ ಒಂದೇ ಎಳೆಯಲ್ಲಿವೆ. ಅಸಿಮೋವ್ 1976ರಲ್ಲಿ ಬರೆದ 'ಬೈಸೆಂಟೆನಿಯಲ್ ಮ್ಯಾನ್' ಕಥೆಯ ಯಂತ್ರವೂ ಮೊದಲು ಕೋರ್ಟಿನಲ್ಲಿ ಸ್ವಾತಂತ್ರ್ಯ ಪಡೆದುಕೊಂಡು ಆಮೇಲೆ ಮನುಷ್ಯನಾಗಹೊರಡುತ್ತದೆ. ನಮ್ಮವರು ಆ ಎಳೆಯಿಂದ ಒಲವೊಂದನ್ನೇ ಬಿಡಿಸಿಕೊಂಡು ತಂದರು. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವೈಜ್ಞಾನಿಕ ಕಥೆಗೆ ಓದುಗರನ್ನು ಗಳಿಸಿಕೊಟ್ಟರು, ಆ ಋಣ ದೊಡ್ಡದು. ಆದರೂ ನಾನು ಓದಿದ ಮಟ್ಟಿಗೆ ಕನ್ನಡದ ಈ ಶಾಲೆಗೆ ಯಂತ್ರ ಏನು ಮಾಡಬಲ್ಲದು ಎಂಬ ಬೆರಗು ಇರುವಷ್ಟು, ಅದಕ್ಕೆ ಏನು ಬೇಕು ಎಂಬ ಕಳಕಳಿ ಇಲ್ಲ.

ಇದಕ್ಕೆ ಬೇಕಾದ ಸರಕು ಕನ್ನಡದಲ್ಲಿ ಇರಲಿಲ್ಲವೆಂದು ಯಾರಾದರೂ ಅಂದರೆ ನಾನು ಅವರನ್ನು ಭೀಮಾ ತೀರಕ್ಕೆ ಕರೆಯುತ್ತೇನೆ. ಆಳಂದ ಸೀಮೆಯಿಂದ ಹರಿದುಬರುವ ಅಮರ್ಜಾ ನದಿ ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಗೆ ಸೇರುತ್ತದೆ, ಭೀಮೆ ಮುಂದೆ ಜೇವರ್ಗಿ ಸೀಮೆ ದಾಟಿ ಹೋಗುತ್ತಾಳೆ. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ, ಗಾಣಗಾಪುರದಲ್ಲಿ ದತ್ತಗುರುವಿನ ಪಾದುಕೆ, ಜೇವರ್ಗಿಯಲ್ಲಿ ಷಣ್ಮುಖ ಶಿವಯೋಗಿ, ಕಡಕೋಳದಲ್ಲಿ ಮಡಿವಾಳಪ್ಪ. ಈ ಸೀಮೆಯ ಭಕ್ತಿಯೆಲ್ಲ ಗುರುವಿನ ಸುತ್ತ, ಪೀರನ ಸುತ್ತ ಕಟ್ಟಿಕೊಂಡದ್ದು. ತನ್ನನ್ನು ರೂಪಿಸಿದ ಒಡೆಯನನ್ನು ಪ್ರೀತಿಸುವುದು ಹೇಗೆ, ಆ ಪ್ರೀತಿಯಲ್ಲೇ ಬಿಡುಗಡೆ ಪಡೆಯುವುದು ಹೇಗೆ ಎಂಬುದೇ ಇಲ್ಲಿನ ಹಾಡಿಕೆಯ ಮುಖ್ಯ ವಸ್ತು.

ಕಡಕೋಳ ಮಡಿವಾಳಪ್ಪ ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲೂಕಿಗೆ ಸೇರಿದ್ದು ಈಗ ಯಡ್ರಾಮಿ ತಾಲೂಕಿನಲ್ಲಿರುವ ಕಡಕೋಳದಲ್ಲಿ ನೆಲೆಸಿದವರು. ಗುರು ಮಹಾಂತನ ಹೆಸರನ್ನೇ ಅಂಕಿತದಲ್ಲಿ ಇಟ್ಟುಕೊಂಡು ತತ್ವಪದಗಳನ್ನು ಹಾಡಿದರು. ಮಠದ ಡಂಭ, ಜಾತಿಯ ಸೊಕ್ಕು, ಹುಸಿ ಆಚಾರ ಯಾವುದನ್ನೂ ಬಿಡದೆ ಬೈದರು. ಅವರ ಸುತ್ತ ಒಂದು ಶಿಷ್ಯ ಬಳಗವೇ ಬೆಳೆಯಿತು. ಚನ್ನೂರ ಜಲಾಲಸಾಹೇಬರು ಮುಸ್ಲಿಮರು, ಖೈನೂರ ಕೃಷ್ಣಪ್ಪನವರು ಬ್ರಾಹ್ಮಣರು. ಏಕತಾರಿ, ದಮ್ಮಡಿ, ತಾಳ ಹಿಡಿದು ಅಮವಾಸೆಯ ರಾತ್ರಿ ಭಜನಿ ಮೇಳಗಳು ಇವರ ಪದಗಳನ್ನು ಇವತ್ತಿಗೂ ಹಾಡುತ್ತವೆ.

ಆ ಪದಗಳಲ್ಲಿ ಮೈ ಎಂಬುದು ಯಾರೋ ಮಾಡಿದ ವಸ್ತು. ತೊಗಲಿನ ಚೀಲ, ಒಂಬತ್ತು ಬಾಗಿಲ ಮನೆ, ಸೋರುವ ಕೊಡ, ಸೂತ್ರದ ಗೊಂಬೆ. ಐದು ಭೂತಗಳನ್ನು ಕೂಡಿಸಿದ ಜೋಡಣೆ, ಎಂದಾದರೊಂದು ದಿನ ಬಿಚ್ಚಿಹೋಗುವಂಥದ್ದು. ಈ ರೂಪಕಗಳು ತತ್ವಪದಕಾರರೆಲ್ಲರ ಸಾಮಾನ್ಯ ಆಸ್ತಿ. ಹಾವೇರಿ ಸೀಮೆಯ ಶಿಶುನಾಳ ಶರೀಫರು ತಮ್ಮ ಕಾಲಕ್ಕೆ ಹೊಸದಾಗಿ ಬಂದ ಗಿರಣಿಯನ್ನು ನೋಡಿ ಅದರ ಮೇಲೊಂದು ಪದ ಕಟ್ಟಿದರು, ತಿರುಗುವ ಯಂತ್ರದಲ್ಲಿ ಅವರಿಗೆ ಈ ದೇಹವೇ ಕಂಡಿತು. ಅಂದರೆ ಚಾಪೆಕ್ ಪ್ರಾಗ್‌ನಲ್ಲಿ ನರ ನೂಲುವ ಗಿರಣಿಯನ್ನು ಕಲ್ಪಿಸುವುದಕ್ಕೆ ದಶಕಗಳ ಮೊದಲೇ ನಮ್ಮ ಸಂತನೊಬ್ಬ ಗಿರಣಿಗೂ ಮೈಗೂ ನಂಟು ಹಾಕಿದ್ದ.

ರೂಪಕಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ದನಿ. ತತ್ವಪದದಲ್ಲಿ ಹಾಡುವವನು ಕೊಡವನ್ನು ಹೊರಗೆ ನಿಂತು ನೋಡುವ ಕುಂಬಾರನಲ್ಲ, ತಾನೇ ಆ ಕೊಡ. ತಾನು ಮಾಡಲ್ಪಟ್ಟವನು, ತನ್ನ ದಾರ ಇನ್ನೊಬ್ಬರ ಕೈಯಲ್ಲಿದೆ, ತನ್ನೊಳಗೆ ಏನೋ ಎಚ್ಚರವಾಗಿದೆ, ಆ ಎಚ್ಚರಕ್ಕೆ ಈ ಜೋಡಣೆ ಸಾಲುತ್ತಿಲ್ಲ ಎಂದು ಮಾಡಲ್ಪಟ್ಟದ್ದೇ ಬಾಯಿ ತೆರೆದು ಹೇಳುತ್ತದೆ. 'ಹಾಲಿವುಡ್'ಗೂ 'ಎಂದಿರನ್'ಗೂ ಸಿಗದಿದ್ದ ದನಿ ಇದೇ. ಅಲ್ಲಿ ಯಂತ್ರವನ್ನು ನಾವು ವಿಜ್ಞಾನಿಯ ಹೆಗಲ ಮೇಲಿಂದ ನೋಡುತ್ತೇವೆ. ಇಲ್ಲಿ ಯಂತ್ರದ ಒಳಗೆ ಕೂತು ವಿಜ್ಞಾನಿಯನ್ನು ಹುಡುಕುತ್ತೇವೆ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಸ್ತುತಿಯಾಗುತ್ತದೆ. ಈ ಪರಂಪರೆಯಲ್ಲಿ ನನ್ನನ್ನು ಬಹುಕಾಲ ಕಾಡಿದ ಒಂದು ಗಂಟಿದೆ. ಹದಿನೇಳನೆಯ ಶತಮಾನದ ಜೇವರ್ಗಿಯ ಷಣ್ಮುಖ ಶಿವಯೋಗಿಗಳು 'ಅಖಂಡೇಶ್ವರ' ಅಂಕಿತದಲ್ಲಿ ಏಳುನೂರಕ್ಕೂ ಮಿಕ್ಕಿ ವಚನ ಬರೆದರು. ಬಸವೋತ್ತರ ಯುಗದ ವಚನಕಾರರಲ್ಲಿ ಅವರಷ್ಟು ಇಂಪಾಗಿ ಬರೆದವರು ಕಡಿಮೆ. ಶರಣ ಸತಿ, ಲಿಂಗ ಪತಿ ಎಂಬ ಭಾವ ಅವರಲ್ಲಿ ತುಂಬಿ ಹರಿಯುತ್ತದೆ. ಹೆಣ್ಣಾಗಿ ಕಾಯುವುದು, ಕೂಡುವುದು, ತನ್ನತನವನ್ನು ಪೂರ್ತಿ ಒಪ್ಪಿಸಿಬಿಡುವುದು. ಆದರೆ ಒಪ್ಪಿಸಿಕೊಂಡವನು ತನ್ನನ್ನು ಆಳುವವನೇ ಆಗಿದ್ದರೆ, ಆ ಒಪ್ಪಿಗೆಯನ್ನು ಒಲವೆಂದು ಹೇಗೆ ಗುರುತಿಸುವುದು? ದೇವರ ವಿಷಯದಲ್ಲಿ ಈ ಪ್ರಶ್ನೆ ಅಧಿಕಪ್ರಸಂಗವೆನಿಸಬಹುದು. ಮನುಷ್ಯರು ತಯಾರಿಸಿ, ಬೆಲೆ ಕಟ್ಟಿ, ಮಾರುವ ಜೀವದ ವಿಷಯದಲ್ಲಿ ಇದೇ ಮೊದಲ ಪ್ರಶ್ನೆ. ಒಡತಿಯನ್ನು ಪ್ರೀತಿಸುವಂತೆಯೇ ಕಟ್ಟಿದ ಯಂತ್ರ ಒಡತಿಯನ್ನು ಪ್ರೀತಿಸಿದರೆ ಅದರಲ್ಲಿ ಅದರದೆಂಬುದು ಏನಿದೆ? ಬಿಟ್ಟುಹೋಗಲು ಬಾಗಿಲಿಲ್ಲದ ಮನೆಯಲ್ಲಿ ಉಳಿದವರ ಪ್ರೀತಿಯನ್ನು ಅಳೆಯುವ ಕೋಲು ಸತಿಪತಿ ಭಾವದಲ್ಲಿಲ್ಲ.

ಮಡಿವಾಳಪ್ಪನವರಲ್ಲಿ ಆ ಕೋಲು ಅರ್ಧವಾದರೂ ಸಿಗುತ್ತದೆಂದು ನನ್ನ ವಾದ. ಅವರ ಗುರುಪ್ರೇಮದ ಪಕ್ಕದಲ್ಲೇ ಬೈಗುಳವಿದೆ. ಹುಸಿಗುರುವನ್ನು ಗುರುತಿಸುವ, ಧಿಕ್ಕರಿಸುವ, ಬಿಟ್ಟು ನಡೆಯುವ ಹಕ್ಕನ್ನು ಆ ಪದಗಳು ಶಿಷ್ಯನ ಕೈಗೆ ಕೊಡುತ್ತವೆ. ಮಹಾಂತನನ್ನು ಅವರು ಆರಿಸಿಕೊಂಡರು. ಜಲಾಲಸಾಹೇಬರೂ ಕೃಷ್ಣಪ್ಪನವರೂ ಹುಟ್ಟಿದ ಮನೆಯ ಕಟ್ಟು ದಾಟಿ ಮಡಿವಾಳಪ್ಪನವರನ್ನು ಆರಿಸಿಕೊಂಡರು. ಒಲಿಯುವ ಮೊದಲು ಒಲ್ಲೆ ಎನ್ನುವ ಶಕ್ತಿ ಇತ್ತು, ಆದ್ದರಿಂದ ಒಲಿದದ್ದಕ್ಕೆ ಬೆಲೆ ಬಂತು. ತತ್ವಪದಗಳನ್ನು ಬರೀ ಅನುಭಾವವೆಂದು, ವೇದಾಂತದ ಜಾನಪದ ರೂಪವೆಂದು ಓದುವ ವಿಮರ್ಶಕರು ಈ ಜಗಳಗಂಟತನವನ್ನು ಅಂಚಿಗೆ ಸರಿಸುತ್ತಾರೆ. ನನಗೆ ಅದೇ ಈ ಶಾಲೆಯ ಜೀವಾಳ. ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ತತ್ವಪದಗಳ ಸಂಪುಟಗಳನ್ನು ಹೊರತಂದ ಮೇಲೆ ಪಠ್ಯ ಸಿಗುತ್ತಿಲ್ಲವೆಂಬ ನೆಪವೂ ಉಳಿದಿಲ್ಲ.

ಆದರೂ ಕೋಲು ಅರ್ಧವೇ. ತತ್ವಪದದ ಬಿಡುಗಡೆ ಮೈಯಿಂದ ಬಿಡುಗಡೆ. ಕೊಡ ಒಡೆಯಲೇಬೇಕು, ಒಡೆದರೇ ಬಯಲು. ಮೈಯನ್ನು ಹೊಲಸೆಂದು, ಕೊಳೆಯುವ ಗೂಡೆಂದು ಜರಿಯುವ ಪದಗಳು ಬೇಕಾದಷ್ಟಿವೆ. ಹೆಣ್ಣಿನ ಮೈಯ ಬಗ್ಗೆ ಈ ಪರಂಪರೆಯ ಹಲವು ಪದಗಳು ಆಡುವ ಮಾತು ಇಂದಿನ ಕಿವಿಗೆ ಕಠೋರವಾಗಿದೆ. ಅದನ್ನು ಕಾಲದ ತಲೆಗೆ ಕಟ್ಟಿ ಪಾರಾಗುವುದು ನನಗೆ ಒಪ್ಪಿಗೆಯಿಲ್ಲ. ಒಲವಿಗೆ ಮೈ ಬೇಕು. ಚಾಪೆಕ್‌ನ ಇಬ್ಬರು ರೋಬೋಗಳು ಪರಸ್ಪರರ ಮೈ ಉಳಿಸಲು ಕತ್ತಿಗೆ ಕೊರಳೊಡ್ಡುತ್ತಾರೆ, ಮಾಡಿದ ಮೈ ಅಲ್ಲಿ ಪವಿತ್ರವಾಗುತ್ತದೆ. ಕಡಕೋಳದ ಪದ ಅಲ್ಲಿಗೆ ಹೋಗುವುದಿಲ್ಲ. ಚಿಟ್ಟಿ ತನ್ನನ್ನು ತಾನೇ ಬಿಚ್ಚಿಡುವ ದೃಶ್ಯಕ್ಕೆ ನಮ್ಮ ಜನ ಅಷ್ಟು ಬೇಗ ಮನಸೋತದ್ದರ ಹಿಂದೆ, ದೇಹ ಕಳಚುವುದೇ ಮುಕ್ತಿ ಎಂದು ತಲೆಮಾರುಗಳಿಂದ ಕೇಳಿದ ಹಾಡು ಇದ್ದೀತು.

ಜನಪದದ ಕಡೆ ನೋಡಿದರೆ ಮೈಗೆ ಇನ್ನಷ್ಟು ಮರ್ಯಾದೆಯಿದೆ. ಬತ್ತೀಸ ಪುತ್ಥಳಿಯ ಕಥೆಯಲ್ಲಿ ವಿಕ್ರಮನ ಸಿಂಹಾಸನದ ಮೂವತ್ತೆರಡು ಗೊಂಬೆಗಳು ಶಾಪಗ್ರಸ್ತ ಹೆಣ್ಣುಗಳು, ಭೋಜರಾಜನಿಗೆ ಒಂದೊಂದಾಗಿ ಕಥೆ ಹೇಳಿ ತಮ್ಮ ಬಿಡುಗಡೆಯನ್ನು ತಾವೇ ಸಂಪಾದಿಸಿಕೊಳ್ಳುತ್ತವೆ. ತೊಗಲುಗೊಂಬೆಯ ಮೇಳದವರಲ್ಲಿ ಸವೆದ ಗೊಂಬೆಯನ್ನು ಕಸಕ್ಕೆಸೆಯದೆ ಹೊಳೆಗೆ ಬಿಡುವ ಪದ್ಧತಿಯಿದೆ. ದುಡಿದ ಮೈಗೆ ಒಂದು ಸಂಸ್ಕಾರ ಸಲ್ಲಬೇಕೆಂಬ ಈ ತಿಳಿವಳಿಕೆ ಯಂತ್ರಮಾನವನ ಚಿತ್ರಗಳಿಗೆ ಯಾಕೆ ಬರಲಿಲ್ಲವೋ!

ಹೊಸಗನ್ನಡದಲ್ಲಿ ಈ ವಸ್ತುವಿನ ಅತಿ ಹತ್ತಿರಕ್ಕೆ ಹೋದವರು ಗಿರೀಶ ಕಾರ್ನಾಡರು, ಅದೂ ವೈಜ್ಞಾನಿಕ ಕಥೆಯ ಹಾದಿ ಹಿಡಿಯದೆ. 1988ರ 'ನಾಗಮಂಡಲ'ದಲ್ಲಿ ಗಂಡ ಕೀಲಿ ಹಾಕಿದ ಮನೆಗೆ ನಾಗ ಗಂಡನದೇ ರೂಪ ತಾಳಿ ಬರುತ್ತದೆ. ಬೇರೆಯವರ ಮುಖ ಹೊತ್ತು ಪ್ರೀತಿಸುವ ಅಮಾನುಷ ಜೀವ, ಬಂಧನದಲ್ಲಿರುವ ಮನುಷ್ಯ ಹೆಣ್ಣು. ನಾಗ ಸಾಯುವ ಅಂತ್ಯವೊಂದು, ರಾಣಿ ಅವನನ್ನು ತನ್ನ ಕೂದಲಲ್ಲಿ ಅಡಗಿಸಿಕೊಳ್ಳುವ ಅಂತ್ಯ ಇನ್ನೊಂದು. ಅಮಾನುಷ ಪ್ರೇಮಿಗೆ ಬದುಕುವ ಹಕ್ಕು ಕೊಡುವ ಆ ಎರಡನೆಯ ಅಂತ್ಯ ಇಡೀ ಯಂತ್ರಪ್ರೇಮದ ಸಿನಿಮಾಕ್ಕೆ ಕನ್ನಡ ಕೊಟ್ಟ ಉತ್ತರವೆಂದು ನಾನು ಓದುತ್ತೇನೆ. 2005ರ 'ಒಡಕಲು ಬಿಂಬ'ದಲ್ಲಿ ಟಿವಿ ಪರದೆಯ ಮೇಲಿನ ಬಿಂಬ ತನ್ನ ಒಡತಿಯ ಮಾತು ಮುಗಿದ ಮೇಲೂ ಆರದೆ ಉಳಿದು ಅವಳನ್ನೇ ಪಾಟೀಸವಾಲಿಗೆ ಒಡ್ಡುತ್ತದೆ. ಒಂದು ನಾಟಕದಲ್ಲಿ ಒಲವಿದೆ ಯಂತ್ರವಿಲ್ಲ, ಇನ್ನೊಂದರಲ್ಲಿ ಯಂತ್ರವಿದೆ ಒಲವಿಲ್ಲ. ಎರಡನ್ನೂ ಕೂಡಿಸುವ ಕೃತಿ ಇನ್ನೂ ಬರಬೇಕಿದೆ.

ಅಂಥ ಕೃತಿ ಬೆಂಗಳೂರಿನ ಪ್ರಯೋಗಾಲಯದಲ್ಲೇ ನಡೆಯಬೇಕೆಂದಿಲ್ಲ. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅಫಜಲಪುರದ ಕಬ್ಬಿನ ಗದ್ದೆಗಳಿವೆ. ಕೂಲಿಗೆ ಮುಂಬಯಿ, ಪುಣೆಗೆ ಗುಳೆ ಹೋಗಿ ಬರುವವರಿದ್ದಾರೆ. ಮನುಷ್ಯನನ್ನು ಉಪಕರಣವೆಂದು ಎಣಿಸುವುದು ಹೇಗಿರುತ್ತದೆಂದು ಈ ನೆಲಕ್ಕೆ ಯಾರೂ ಕಲಿಸಬೇಕಿಲ್ಲ. ಜೀತ ನಿರ್ಮೂಲನೆಯ ಕಾಯ್ದೆ ಬಂದದ್ದು 1976ರಲ್ಲಿ, ದೇವದಾಸಿ ಪದ್ಧತಿ ನಿಷೇಧದ ಕರ್ನಾಟಕ ಕಾಯ್ದೆ ಬಂದದ್ದು 1982ರಲ್ಲಿ. ಒಡೆಯನ ಮನೆಯಲ್ಲಿ ಸಾಲಕ್ಕೆ ದುಡಿದ ಆಳು ಆ ಮನೆಯ ಮಕ್ಕಳನ್ನು ಎತ್ತಿ ಆಡಿಸಿದ್ದು ನಿಜ, ಹಚ್ಚಿಕೊಂಡದ್ದೂ ನಿಜ. ಅದನ್ನೇ ತೋರಿಸಿ ಅವನಿಗೆ ಅಲ್ಲಿ ಸುಖವಿತ್ತು ಎಂದು ಒಡೆಯರು ವಾದಿಸಿದ್ದೂ ನಿಜ. ಯಂತ್ರಪ್ರೇಮದ ಕಥೆಗಾರ ದಾಟಬೇಕಾದ ಕಂದಕ ಇದು: ಯಂತ್ರದ ಪ್ರೀತಿಯನ್ನು ಸುಳ್ಳೆನ್ನಬಾರದು, ಆ ಪ್ರೀತಿಯನ್ನು ಅದರ ಬಂಧನಕ್ಕೆ ಸಾಕ್ಷಿಯಾಗಿ ಬಳಸಲೂ ಬಿಡಬಾರದು.

ಆದ್ದರಿಂದ ಮುಂದಿನ ಕಥೆಗಾರರಿಂದ ನಾನು ಎರಡು ಸಂಗತಿ ಕೇಳುತ್ತೇನೆ. ಕಥೆಯನ್ನು ಯಂತ್ರದ ಬಾಯಿಂದ, ಕಡಕೋಳದ ಪದಕಾರರಿಗೆ ಇದ್ದ ಸಲುಗೆಯಿಂದ, ಬೈಗುಳ ಸಮೇತ ಹೇಳಿಸಲಿ. ಮತ್ತು ಅದನ್ನು ಪ್ರೀತಿಸುವ ಮನುಷ್ಯ, ಅದು ತನ್ನನ್ನು ಬಿಟ್ಟು ಹೋಗಬಹುದೆಂದು ತಿಳಿದೂ, ಅದರ ಕೀಲಿಯನ್ನು ಅದರ ಕೈಗೆ ಕೊಡುವ ಪುಟವನ್ನು ಕೊನೆಗಲ್ಲ, ಕಥೆಯ ನಡುವಿನಲ್ಲೇ ಬರೆಯಲಿ. ಕೀಲಿ ಸಿಕ್ಕ ಮೇಲೆ ಅವರಿಬ್ಬರೂ ಹೇಗೆ ಬದುಕುತ್ತಾರೆಂದು ಚಾಪೆಕ್ ಹೇಳಲಿಲ್ಲ, ಮಡಿವಾಳಪ್ಪನವರೂ ಹೇಳಲಿಲ್ಲ.